ರೇಕಿಯ 'ಕಿ' ಎಂದರೆ ಏನು? ಮೊದಲ ಹಂತ ಕಲಿಯುತ್ತಿರುವವರಿಗೆ ಒಂದು ಟಿಪ್ಪಣಿ

ರೇಕಿ ಎಂದರೆ ಮೈಮೇಲೆ ಅಂಗೈಯಿಟ್ಟು ಆರೈಕೆ ಮಾಡುವ ಜಪಾನಿ ಪದ್ಧತಿ. ಅದರ ತರಗತಿಗೆ ಸೇರಿದ ಮೊದಲ ದಿನವೇ ನಾವೆಲ್ಲ ಬರೆದುಕೊಳ್ಳುವ ಸಾಲು ಒಂದಿದೆ: 'ರೇ ಅಂದರೆ ವಿಶ್ವ, ಕಿ ಅಂದರೆ ಪ್ರಾಣಶಕ್ತಿ.' ನಾನೂ ಹಾಗೇ ಬರೆದುಕೊಂಡೆ. ಆಮೇಲೆ ಜಪಾನಿ ಪದಗಳನ್ನು ಬಿಡಿಸಿ ನೋಡುತ್ತಾ ಹೋದಾಗ, ನಮ್ಮ ಅರ್ಧ ಗೊಂದಲ ಈ ಒಂದು ಸಾಲಿನಿಂದಲೇ ಶುರುವಾಗುತ್ತದೆ ಅನ್ನಿಸಿತು. ಅದಕ್ಕೇ ಈ ಟಿಪ್ಪಣಿಯಲ್ಲಿ ಹೆಸರಿನ ಬಗ್ಗೆಯೇ ಸ್ವಲ್ಪ ಹೆಚ್ಚು ಬರೆದಿದ್ದೇನೆ.

ನಮ್ಮ ಕಡೆ ಬೋರ್ಡುಗಳ ಮೇಲೆ 'ರೇಖಿ' ಎಂದೂ ಬರೆಯುತ್ತಾರೆ. ಅದನ್ನು ಓದಿ ಹಸ್ತರೇಖೆಗೂ ಇದಕ್ಕೂ ನಂಟಿದೆ ಎಂದುಕೊಂಡವರಿದ್ದಾರೆ. ಯಾವ ನಂಟೂ ಇಲ್ಲ. 'ರೇ' ಎಂಬ ಅಕ್ಷರಕ್ಕೆ ಜಪಾನಿಯಲ್ಲಿ ಆತ್ಮ, ದೈವಿಕವಾದದ್ದು, ಕಣ್ಣಿಗೆ ಕಾಣದ್ದು ಎಂಬ ಅರ್ಥಗಳಿವೆ. ತೀರಿಕೊಂಡವರ ಆತ್ಮಕ್ಕೂ ಅದೇ ಅಕ್ಷರ. 'ವಿಶ್ವ' ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು ಈ ವಿದ್ಯೆ ಸಮುದ್ರ ದಾಟಿದ ಮೇಲೆ.

'ಕಿ' ಇನ್ನೂ ಸ್ವಾರಸ್ಯದ ಪದ. ಅದು ಜಪಾನಿನವರ ದಿನದ ಮಾತಿನಲ್ಲಿ ಎಲ್ಲೆಲ್ಲೂ ಇದೆ. ಆರೋಗ್ಯವಾಗಿ, ಲವಲವಿಕೆಯಿಂದ ಇರುವುದು 'ಗೆಂಕಿ'. ಕಾಯಿಲೆ 'ಬ್ಯೋಕಿ'. ಹವಾಮಾನ 'ತೆಂಕಿ'. ಮನೆಗೆ ಬರುವ ಕರೆಂಟು 'ದೆಂಕಿ'. ಈ ನಾಲ್ಕರಲ್ಲೂ ಇರುವುದು ಅದೇ 'ಕಿ'. ಅಂದರೆ ಅದು ಒಂದು ವಸ್ತುವಿನ ಹೆಸರಲ್ಲ. ಉಸಿರು, ಹುರುಪು, ಮನಸ್ಸಿನ ಸ್ಥಿತಿ, ಸುತ್ತಲಿನ ವಾತಾವರಣ ಎಲ್ಲವನ್ನೂ ಒಳಗೊಂಡ ಪದ.

ನಾವು ಅದನ್ನು ಕನ್ನಡಕ್ಕೆ ತಂದಾಗ 'ಶಕ್ತಿ' ಅಂದೆವು. ತೊಡಕು ಇಲ್ಲಿಯೇ. ಶಾಲೆಯ ವಿಜ್ಞಾನ ಪಾಠದಲ್ಲಿ ಜೂಲ್ ಲೆಕ್ಕದಲ್ಲಿ ಅಳೆಯುವುದಕ್ಕೂ ಶಕ್ತಿ ಎನ್ನುತ್ತೇವೆ, ಜ್ವರ ಬಿಟ್ಟ ಮೇಲೆ 'ಮೈಯಲ್ಲಿ ಶಕ್ತಿಯೇ ಇಲ್ಲ' ಎನ್ನುತ್ತೇವೆ, ಊರ ಹೊರಗಿನ ಗುಡಿಯಲ್ಲಿ ಕೂತ ಅಮ್ಮನನ್ನೂ ಶಕ್ತಿ ಎಂದೇ ಕರೆಯುತ್ತೇವೆ. ಮೂರೂ ಬೇರೆ ಬೇರೆ. 'ಶಕ್ತಿ ನಾಶವಾಗುವುದಿಲ್ಲ ಎಂದು ವಿಜ್ಞಾನವೇ ಹೇಳುತ್ತದೆ, ಆದ್ದರಿಂದ ರೇಕಿ ನಿಜ' ಎಂದು ಯಾರಾದರೂ ವಾದ ಮಾಡಿದರೆ, ಅವರು ಮೊದಲನೆಯದನ್ನು ತೋರಿಸಿ ಮೂರನೆಯದನ್ನು ಕೊಡುತ್ತಿದ್ದಾರೆ ಎಂದು ತಿಳಿಯಿರಿ. ರೇಕಿಯ 'ಕಿ'ಯನ್ನು ಇದುವರೆಗೆ ಯಾವ ಉಪಕರಣವೂ ಅಳೆದಿಲ್ಲ.

ಕಲ್ಲು ಹೇಳುವ ಕಥೆ, ಕ್ಲಾಸು ಹೇಳುವ ಕಥೆ

ರೇಕಿಯ ಮೂಲಪುರುಷ ಮಿಕಾವೊ ಉಸುಯಿ. ಹುಟ್ಟಿದ್ದು 1865ರಲ್ಲಿ, ಜಪಾನಿನ ಗಿಫು ಪ್ರಾಂತ್ಯದ ತಾನಿಯಾಯಿ ಎಂಬ ಹಳ್ಳಿಯಲ್ಲಿ. 1922ರಲ್ಲಿ ಕ್ಯೋಟೊ ನಗರದ ಉತ್ತರಕ್ಕಿರುವ ಕುರಾಮಾ ಬೆಟ್ಟದಲ್ಲಿ 21 ದಿನ ಉಪವಾಸವಿದ್ದು ಧ್ಯಾನ ಮಾಡಿದರು. ಕೊನೆಗೆ ತಲೆಯ ಮೇಲೆ ಮಹತ್ತಾದ ರೇಕಿಯ ಅನುಭವವಾಯಿತು ಎಂಬುದು ನಂಬಿಕೆ. ಅದೇ ವರ್ಷ ಟೋಕಿಯೊದಲ್ಲಿ ಉಸುಯಿ ರೇಕಿ ರ್ಯೋಹೋ ಗಕ್ಕಾಯ್ ಎಂಬ ಸಂಘ ಕಟ್ಟಿದರು. 1923ರ ಸೆಪ್ಟೆಂಬರ್‌ನಲ್ಲಿ ಕಾಂತೊ ಭೂಕಂಪ ಟೋಕಿಯೊವನ್ನು ನೆಲಸಮ ಮಾಡಿದಾಗ ಗಾಯಾಳುಗಳ ಬಳಿ ಓಡಾಡಿದರು. 1926ರ ಮಾರ್ಚ್‌ನಲ್ಲಿ ಫುಕುಯಾಮಾ ಊರಿನಲ್ಲಿ ತೀರಿಕೊಂಡರು. ಲೆಕ್ಕ ಹಾಕಿ ನೋಡಿ: ಅವರು ರೇಕಿ ಕಲಿಸಿದ್ದು ನಾಲ್ಕು ವರ್ಷ ಮಾತ್ರ.

ಇವೆಲ್ಲ ನಮಗೆ ಗೊತ್ತಿರುವುದು ಮುಖ್ಯವಾಗಿ ಒಂದು ಕಲ್ಲಿನಿಂದ. ಶಿಷ್ಯರು 1927ರಲ್ಲಿ ಟೋಕಿಯೊದ ಸಾಯಿಹೋಜಿ ದೇವಾಲಯದ ಸ್ಮಶಾನದಲ್ಲಿ ಅವರ ಸಮಾಧಿಯ ಪಕ್ಕ ಒಂದು ಎತ್ತರದ ಶಾಸನ ನಿಲ್ಲಿಸಿದರು. ಶಾಸನಗಳನ್ನು ಓದಿ ಇತಿಹಾಸ ಕಟ್ಟುವ ಅಭ್ಯಾಸ ನಮ್ಮ ನಾಡಿನಲ್ಲಿ ಹಳೆಯದು, ಆದ್ದರಿಂದ ಒಂದು ಎಚ್ಚರ ನಮಗೆ ಬೇಗ ಅರ್ಥವಾಗಬೇಕು: ಶಿಷ್ಯರು ಗುರುವಿಗಾಗಿ ಬರೆಸಿದ ಶಾಸನದಲ್ಲಿ ಹೊಗಳಿಕೆ ಇದ್ದೇ ಇರುತ್ತದೆ. ಹಾಗಿದ್ದರೂ ಅದು ಅವರು ತೀರಿಕೊಂಡ ಮರುವರ್ಷವೇ ಬರೆದದ್ದು.

ಹಲವು ತರಗತಿಗಳಲ್ಲಿ ಹೇಳುವ ಕಥೆ ಬೇರೆ. ಉಸುಯಿ ಕ್ಯೋಟೊದ ದೋಶಿಶಾ ಎಂಬ ಕ್ರೈಸ್ತ ವಿದ್ಯಾಲಯದ ಮುಖ್ಯಸ್ಥರಾಗಿದ್ದರು, ಏಸು ಕೈಯಿಟ್ಟು ಹೇಗೆ ವಾಸಿ ಮಾಡಿದ ಎಂದು ವಿದ್ಯಾರ್ಥಿಗಳು ಕೇಳಿದರು, ಉತ್ತರ ಹುಡುಕುತ್ತಾ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಓದಿದರು, ಎನ್ನುವ ಕಥೆ. ಆಮೇಲೆ ಆ ಎರಡೂ ಕಡೆ ವಿಚಾರಿಸಿದಾಗ ಉಸುಯಿ ಅವರ ದಾಖಲೆಯೇ ಇರಲಿಲ್ಲ. ಈ ಕಥೆ ಬಂದದ್ದು ಹವಾಯೊ ತಕಾತಾ ಅವರಿಂದ. ಹವಾಯಿಯಲ್ಲಿ ಜಪಾನಿ ವಲಸಿಗರ ಮನೆಯಲ್ಲಿ 1900ರಲ್ಲಿ ಹುಟ್ಟಿದ ತಕಾತಾ, 1935ರಲ್ಲಿ ಕಾಯಿಲೆ ಬಿದ್ದು ಜಪಾನಿಗೆ ಹೋದವರು ಉಸುಯಿ ಶಿಷ್ಯ ಚುಜಿರೊ ಹಯಾಶಿ ಅವರ ಚಿಕಿತ್ಸಾಲಯ ಸೇರಿದರು. ಚಿಕಿತ್ಸೆ ಕೊಡುವವರ ಕೈ ಅಷ್ಟೊಂದು ಬಿಸಿ ಇರುವುದನ್ನು ನೋಡಿ, ಒಳಗೆ ಯಂತ್ರ ಬಚ್ಚಿಟ್ಟಿದ್ದಾರೆಂದು ಅವರ ಕಿಮೊನೊ ನಿಲುವಂಗಿಯ ತೋಳನ್ನು ಹಿಡಿದು ಹುಡುಕಿದೆ ಎಂದು ತಕಾತಾ ಅವರೇ ಹೇಳುತ್ತಿದ್ದರು. ನನಗೆ ಬಹಳ ಇಷ್ಟವಾದ ಪ್ರಸಂಗ ಇದು. ಪರೀಕ್ಷಿಸಿ ನೋಡುವ ಆ ಮನಸ್ಸು ನಮಗೂ ಇರಬೇಕು.

1941ರಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಮೇಲೆ, ಹವಾಯಿಯಲ್ಲಿ ಜಪಾನಿ ಬೌದ್ಧ ಹಿನ್ನೆಲೆಯ ವಿದ್ಯೆ ಕಲಿಸುವುದು ಸುಲಭವಿರಲಿಲ್ಲ. ಕ್ರೈಸ್ತ ಕಥೆ ಹಾಗೆ ಬೆಳೆದಿರಬೇಕು ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಆಕೆಯನ್ನು ಸುಳ್ಳುಗಾತಿ ಎನ್ನಲು ನನಗೆ ಮನಸ್ಸಿಲ್ಲ. ಆಕೆ 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ 22 ಮಂದಿ ಗುರುಗಳನ್ನು ತಯಾರು ಮಾಡಿದ್ದರು, ಇಂದು ಜಗತ್ತಿನಲ್ಲಿ ಹರಡಿರುವ ರೇಕಿ ಬಹುಪಾಲು ಆ ಕವಲಿನದೇ. ಇನ್ನು ರೇಕಿ ಜೊತೆ ಈಗ ಹೇಳಿಕೊಡುವ ಏಳು ಚಕ್ರಗಳ, ಅಂದರೆ ಮೈಯಲ್ಲಿವೆ ಎನ್ನುವ ಶಕ್ತಿಕೇಂದ್ರಗಳ ವಿಷಯ: ಮೂಲಾಧಾರದಿಂದ ಸಹಸ್ರಾರದವರೆಗಿನ ಲೆಕ್ಕ ನಮ್ಮ ತಂತ್ರ, ಹಠಯೋಗಗಳದ್ದು. ಉಸುಯಿ ಪದ್ಧತಿಯಲ್ಲಿ ಅದಿರಲಿಲ್ಲ, ಪಶ್ಚಿಮದಲ್ಲಿ ಸೇರಿತು. ನಮ್ಮ ಮನೆಯದೇ ವಸ್ತು ಜಪಾನಿ ಹೆಸರಿನಲ್ಲಿ ಅಮೆರಿಕ ಸುತ್ತಿ ವಾಪಸ್ ಬಂದಿದೆ.

ಕೈ ಇಟ್ಟಾಗ

ನನ್ನ ಅಭ್ಯಾಸಕ್ಕೆ ಸಿಕ್ಕವರು ದೊಡ್ಡಮ್ಮ. ಮಂಡಿ ನೋವು, ರಾತ್ರಿ ನಿದ್ದೆ ಇಲ್ಲ. ದಿವಾನದ ಮೇಲೆ ಮಲಗಿಸಿ ಎರಡೂ ಅಂಗೈಗಳನ್ನು ಅವರ ಕಣ್ಣ ಮೇಲೆ ಭಾರ ಬೀಳದ ಹಾಗೆ ಇಟ್ಟೆ. ಮೊದಲು ರೆಪ್ಪೆಗಳು ಅಂಗೈಗೆ ಚಿಟ್ಟೆಯ ಹಾಗೆ ತಾಗುತ್ತಿದ್ದವು. ಎರಡು ಮೂರು ನಿಮಿಷಕ್ಕೆ ನಿಂತವು. ಉಸಿರು ಉದ್ದವಾಯಿತು, ಹೊಟ್ಟೆ ಗುಳುಗುಳು ಎಂದಿತು. 'ನಿನ್ನ ಕೈ ದೋಸೆ ಹಂಚಿನ ಹಾಗೆ ಕಾಯ್ತಿದೆ ಕಣೇ' ಎಂದರು. ಮಂಡಿಯ ಸರದಿ ಬರುವಷ್ಟರಲ್ಲಿ ಗೊರಕೆ.

ಮರುದಿನ ಕೇಳಿದೆ. ನಿದ್ದೆ ಚೆನ್ನಾಗಿ ಬಂತು ಎಂದರು. ಮೆಟ್ಟಿಲು ಹತ್ತುವಾಗ ಮಂಡಿ ಮಾತ್ರ ಅಷ್ಟೇ ನೋಯುತ್ತಿತ್ತು. ಈ ಎರಡು ಉತ್ತರಗಳನ್ನೂ ನೋಟ್ ಪುಸ್ತಕದಲ್ಲಿ ಪಕ್ಕಪಕ್ಕ ಬರೆದಿಟ್ಟಿದ್ದೇನೆ.

ಬಿಸಿಯ ಬಗ್ಗೆ: ಅಂಗೈಗೆ ಸಹಜವಾಗಿ ಶಾಖವಿದೆ. ಅದು ಒಂದೇ ಕಡೆ ಐದು ನಿಮಿಷ ನಿಂತರೆ ಅಡಿಯಲ್ಲಿ ಕಾವು ಕೂಡುತ್ತದೆ, ಗಮನವೆಲ್ಲ ಅಲ್ಲೇ ಇರುವುದರಿಂದ ಜುಮ್ಮೆನಿಸುವುದೂ ತಿಳಿಯುತ್ತದೆ. ಇದರಿಂದ 'ಕಿ' ಹರಿಯಿತೆಂದೂ ಆಗುವುದಿಲ್ಲ, ಅನುಭವ ಸುಳ್ಳೆಂದೂ ಆಗುವುದಿಲ್ಲ.

ಪರೀಕ್ಷೆ ಮಾಡಿದವರು

ಇಲ್ಲಿ ಎಮಿಲಿ ರೋಸಾ ಎಂಬ ಅಮೆರಿಕದ ಹುಡುಗಿಯ ಪ್ರಯೋಗವನ್ನು ಓದಲೇಬೇಕು. ರೇಕಿಯ ಹತ್ತಿರದ ಬಂಧುವಾದ 'ಥೆರಪ್ಯೂಟಿಕ್ ಟಚ್' ಪದ್ಧತಿಯವರು, ಮುಟ್ಟದೆಯೇ ಇನ್ನೊಬ್ಬರ ಶಕ್ತಿವಲಯ ತಮ್ಮ ಕೈಗೆ ತಿಳಿಯುತ್ತದೆ ಎನ್ನುತ್ತಾರೆ. ಎಮಿಲಿ ಒಂದು ಅಡ್ಡಪರದೆ ಇಟ್ಟು, ಅದರ ರಂಧ್ರಗಳಿಂದ ಎರಡೂ ಕೈ ಚಾಚಿ ಅಂಗೈ ಮೇಲೆ ಮಾಡಿಕೊಳ್ಳುವಂತೆ ಅವರಿಗೆ ಹೇಳಿದಳು. ನಾಣ್ಯ ಚಿಮ್ಮಿ, ಬಂದ ಬದಿಯ ಅಂಗೈಗೆ ಕೆಲವೇ ಸೆಂಟಿಮೀಟರ್ ಮೇಲೆ ತನ್ನ ಕೈ ಹಿಡಿದು 'ಯಾವ ಕೈ?' ಎಂದು ಕೇಳಿದಳು. 21 ಮಂದಿ, 280 ಸಲ. ಸರಿಯಾದದ್ದು 123, ಅಂದರೆ ನೂರಕ್ಕೆ 44. ಸುಮ್ಮನೆ ಊಹಿಸಿದರೂ 50 ಬರಬೇಕಿತ್ತು. 1998ರಲ್ಲಿ ಇದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದಾಗ ಅವಳಿಗೆ 11 ವರ್ಷ.

ಇದನ್ನು ಮನೆಯಲ್ಲೂ ಮಾಡಬಹುದು. ನಾನು ಕಣ್ಣಿಗೆ ವೇಲ್ ಕಟ್ಟಿಕೊಂಡು ತಂಗಿಯ ಜೊತೆ 20 ಸಲ ಮಾಡಿದೆ, 11 ಸರಿ ಬಂತು. ಪ್ರತಿ ಸಲವೂ ನನಗೆ 'ಖಂಡಿತ ಇದೇ ಕೈ' ಅನ್ನಿಸಿತ್ತು. ಸೋತ ಒಂಬತ್ತು ಸಲವೂ ಅಷ್ಟೇ ಖಚಿತವಾಗಿ.

ರೇಕಿಯ ಮೇಲೇ ನಡೆದ ಪ್ರಯೋಗಗಳಲ್ಲಿ ಒಂದು 2008ರದು. ಮೈಕೈ ನೋವಿನ ದೀರ್ಘ ಕಾಯಿಲೆ ಫೈಬ್ರೊಮಯಾಲ್ಜಿಯಾ ಇರುವ 100 ಮಂದಿಯಲ್ಲಿ ಕೆಲವರಿಗೆ ರೇಕಿ ಕಲಿತವರು, ಕೆಲವರಿಗೆ ಅದೇ ಭಂಗಿಗಳನ್ನು ನಟಿಸಲು ಕಲಿತವರು ಎಂಟು ವಾರ ಚಿಕಿತ್ಸೆ ಕೊಟ್ಟರು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆತಂಕ, ಖಿನ್ನತೆಗಳ ಬಗ್ಗೆ 2015ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಪರಿಶೀಲಿಸಿದಾಗಲೂ, ಉಪಯೋಗವಿದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ದೂರದಿಂದ ಕಳಿಸುವ ರೇಕಿಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಯಾರಿಗಾಗಿಯೋ ಕೂತು ಒಳ್ಳೆಯದನ್ನು ಬಯಸುವುದು ಪ್ರಾರ್ಥನೆ, ಅದಕ್ಕೆ ಶುಲ್ಕ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ದೊಡ್ಡಮ್ಮನಿಗೆ ನಿದ್ದೆ ಬಂದದ್ದು? ಮನೆಯಲ್ಲಿ ಎಲ್ಲರಿಗೂ ಬಡಿಸುವ ಅವರನ್ನು ಯಾರೂ ಒಂದು ಗಂಟೆ ಸುಮ್ಮನೆ ಮಲಗಿಸಿ, ಮಾತಾಡದೆ, ಮೈಮೇಲೆ ಮೆಲ್ಲಗೆ ಕೈಯಿಟ್ಟು ಕೂತಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಒಳ್ಳೆಯ ವೈದ್ಯರನ್ನು 'ಅವರ ಕೈಗುಣ ಚೆನ್ನಾಗಿದೆ' ಎನ್ನುತ್ತಾರೆ. ಅವರು ಕೊಡುವ ಮಾತ್ರೆಯ ಜೊತೆಗೆ, ನಾಡಿ ಹಿಡಿದು ಮುಖ ನೋಡಿ ಮಾತಾಡುವುದೂ ಆ ಪದದಲ್ಲಿ ಸೇರಿದೆ. ರೇಕಿ ಅಭ್ಯಾಸದಲ್ಲಿ ನಿಜವಾಗಿ ನಡೆಯುವುದು ಇಂಥದೇ ಎಂದು ನನ್ನ ತಿಳುವಳಿಕೆ.

ಇದರ ಮಿತಿ ಮರೆತರೆ ಏನಾಗುತ್ತದೆ ಎಂದೂ ನೋಡಿದ್ದೇನೆ. ಪರಿಚಯದ ಹಿರಿಯರೊಬ್ಬರು 'ಇನ್ನು ರೇಕಿ ಸಾಕು' ಎಂಬ ಮಾತು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಕಾಲಿನ ಹೆಬ್ಬೆರಳಿನ ಪಕ್ಕದ ಚಿಕ್ಕ ಗಾಯ ಒಣಗಲಿಲ್ಲ, ಕೊನೆಗೆ ಬೆರಳನ್ನೇ ತೆಗೆಯಬೇಕಾಯಿತು. ಉಸುಯಿ ಬೋಧನೆಯ ತಲೆಬರಹದಲ್ಲೇ 'ಎಲ್ಲ ರೋಗಗಳಿಗೂ ದಿವ್ಯೌಷಧ' ಎಂಬ ಮಾತಿದೆ ಎಂಬುದನ್ನು ನಾವು ಮುಚ್ಚಿಡಬಾರದು. ಆ ಮಾತನ್ನು ನಾವು ಮುಂದಕ್ಕೆ ಕೊಂಡೊಯ್ಯಲೂ ಬಾರದು.

ಅದೇ ತಲೆಬರಹದ ಕೆಳಗಿರುವ ಐದು ಸಾಲುಗಳನ್ನು ನಾನು ಬೆಳಿಗ್ಗೆ ಕೈಮುಗಿದು ಹೇಳಿಕೊಳ್ಳುತ್ತೇನೆ. 'ಕ್ಯೋ ದಾಕೆ ವಾ', ಇವತ್ತಿನ ಮಟ್ಟಿಗೆ: ಸಿಟ್ಟು ಬೇಡ, ಚಿಂತೆ ಬೇಡ, ಕೃತಜ್ಞತೆ ಇರಲಿ, ಕೆಲಸ ಶ್ರದ್ಧೆಯಿಂದ ಆಗಲಿ, ಎಲ್ಲರಲ್ಲೂ ಕರುಣೆ ಇರಲಿ. ಆಮೇಲೆ ದೊಡ್ಡಮ್ಮನ ಮಾತ್ರೆ ಡಬ್ಬಿ ತೆಗೆದು ಬೆಳಗಿನದನ್ನು ಕೈಗೆ ಕೊಡುತ್ತೇನೆ. ಭಾನುವಾರ ಮಧ್ಯಾಹ್ನ ಅವರೇ ದಿವಾನದ ಮೇಲೆ ದಿಂಬು ಸರಿಮಾಡಿಕೊಂಡು ಕರೆಯುತ್ತಾರೆ: 'ಬಾರೇ, ಸ್ವಲ್ಪ ಹೊತ್ತು ಕೈಯಿಡು.'