ರೇಸ್ ಕಾರಿಗೆ ಬಾಳಿಕೆಯ ಗೇರ್‌ಬಾಕ್ಸ್: ಹಲ್ಲಿನ ಮೇಲಿನ ಭಾರ ಲೆಕ್ಕ ಹಾಕಿ ಆರಿಸುವುದು

ಗೇರ್‌ಬಾಕ್ಸ್ ಆರಿಸುವಾಗ ಹೆಚ್ಚಿನವರು ಮೊದಲು ಹುಡುಕುವುದು ಟಾರ್ಕ್ ರೇಟಿಂಗ್, ಅಂದರೆ ಶಾಫ್ಟನ್ನು ತಿರುಚುವ ಎಷ್ಟು ಒತ್ತಡವನ್ನು ಬಾಕ್ಸ್ ತಡೆಯುತ್ತದೆ ಎಂಬ ಸಂಖ್ಯೆ. ಎಂಜಿನ್ 150 ನ್ಯೂಟನ್ ಮೀಟರ್ ಕೊಡುತ್ತದೆ, ಬಾಕ್ಸ್ 200 ತಡೆಯುತ್ತದಂತೆ, ಸಾಕು ಬಿಡಿ ಎನ್ನುವ ಲೆಕ್ಕ. ಆ ಸಂಖ್ಯೆ ಸುಳ್ಳಲ್ಲ. ಆದರೆ ಯಾವ ಗೇರಿನಲ್ಲಿ, ಎಷ್ಟು ಹೊತ್ತು, ಆಯಿಲ್ ಎಷ್ಟು ಕಾದಿದ್ದಾಗ ಎಂಬುದನ್ನು ಅದು ಹೇಳುವುದಿಲ್ಲ. ಡ್ರ್ಯಾಗ್ ರೇಸಿನ ಬಾಕ್ಸಿಗೆ ಪೆಟ್ಟು ಬೀಳುವುದು ಕ್ಲಚ್ ಬಿಟ್ಟ ಕ್ಷಣದಲ್ಲಿ. ಸರ್ಕ್ಯೂಟಿನಲ್ಲಿ ಅಂಥ ಪೆಟ್ಟು ಕಡಿಮೆ, ಬಿಡುವಿಲ್ಲದ ದುಡಿತ ಜಾಸ್ತಿ. ಮಂಡ್ಯ ದಾಟಿ ಮೈಸೂರಿಗೆ ಬರುವ ಹೆದ್ದಾರಿಯಲ್ಲಿ ಸಣ್ಣ ಕಾರು ಗಂಟೆಗೆ 100 ಕಿ.ಮೀ. ವೇಗ ಕಾಯ್ದುಕೊಳ್ಳಲು 15ರಿಂದ 20 ಕಿಲೋವ್ಯಾಟ್ ಸಾಕು. ಅದೇ ಕಾರು ಟ್ರ್ಯಾಕಿಗೆ ಇಳಿದರೆ ಬ್ರೇಕ್ ಒತ್ತದ ಹೊತ್ತೆಲ್ಲ ಇದ್ದಬದ್ದ ಶಕ್ತಿಯನ್ನು ಬಾಕ್ಸಿನ ಮೂಲಕವೇ ತಳ್ಳುತ್ತದೆ.

ಮೊದಲು ನಿಮ್ಮ ಕ್ಲಾಸಿನ ನಿಯಮ ನೋಡಿಕೊಳ್ಳಿ. ಕಂಪನಿಯ ಮೂಲ ಬಾಕ್ಸೇ ಇರಬೇಕು ಎಂದು ಅದರಲ್ಲಿದ್ದರೆ ಕೆಳಗಿನ ಲೆಕ್ಕ ಹೊಸದನ್ನು ಆರಿಸಲು ಅಲ್ಲ, ಇರುವುದನ್ನು ಉಳಿಸಿಕೊಳ್ಳಲು. ಗೇರ್ ಅನುಪಾತ, ಕ್ಲಚ್ ಕೆಲಸ ಮಾಡುವ ಬಗೆ ಇವೆಲ್ಲ ಗೊತ್ತಿದೆ ಎಂದುಕೊಂಡೇ ಮುಂದೆ ಹೋಗೋಣ.

ಹಲ್ಲಿನ ಮೇಲಿನ ಬಲ: ಒಂದೇ ಸಾಲಿನ ಸೂತ್ರ

ಹಲ್ಲು ಮುರಿಯುವುದು ಟಾರ್ಕಿನಿಂದಲ್ಲ, ಹಲ್ಲಿನ ಮೇಲೆ ಬೀಳುವ ಬಲದಿಂದ. ಟಾರ್ಕನ್ನು ಗೇರಿನ ಪಿಚ್ ತ್ರಿಜ್ಯದಿಂದ (ಗೇರಿನ ನಡುವಿನಿಂದ ಹಲ್ಲುಗಳು ಕೂಡುವ ಜಾಗದವರೆಗಿನ ದೂರದಿಂದ) ಭಾಗಿಸಿದರೆ ಆ ಬಲ ಬರುತ್ತದೆ. ತ್ರಿಜ್ಯ ಅಳೆಯಲು ಬಾಕ್ಸ್ ಬಿಚ್ಚಬೇಕೆಂದೇನೂ ಇಲ್ಲ. ಎರಡು ಶಾಫ್ಟ್‌ಗಳ ನಡುವಿನ ಅಂತರ, ಅಂದರೆ ಸೆಂಟರ್ ಡಿಸ್ಟೆನ್ಸ್, ಗೊತ್ತಿದ್ದರೆ ಸಾಕು:

ಹಲ್ಲಿನ ಬಲ = ಟಾರ್ಕ್ × (1 + ಜೋಡಿಯ ಅನುಪಾತ) ÷ ಸೆಂಟರ್ ಡಿಸ್ಟೆನ್ಸ್

ಇಲ್ಲಿ ಟಾರ್ಕ್ ಎಂದರೆ ಆ ಜೋಡಿಯಲ್ಲಿ ತಿರುಗಿಸುವ ಗೇರಿನ ಟಾರ್ಕ್. ಮುಂದಿನ ಚಕ್ರ ಓಡಿಸುವ ಕಾರುಗಳ ಎರಡು ಶಾಫ್ಟಿನ ಬಾಕ್ಸಿಗೆ ಇದನ್ನು ಹಾಗೆಯೇ ಹಾಕಬಹುದು. 150 ನ್ಯೂಟನ್ ಮೀಟರ್, 75 ಮಿ.ಮೀ. ಅಂತರ, ಮೂರನೇ ಗೇರ್ 1.33 ಎಂದಿಟ್ಟುಕೊಳ್ಳಿ. 150 × 2.33 ÷ 0.075 = 4,660 ನ್ಯೂಟನ್. ಇಷ್ಟೇ.

ಎಡವುವುದು ಹಿಂದಿನ ಚಕ್ರ ಓಡಿಸುವ ಕಾರಿನ ಬಾಕ್ಸಿನಲ್ಲಿ. ಇದನ್ನು ನಿಧಾನವಾಗಿ ನೋಡೋಣ, ಏಕೆಂದರೆ ತಪ್ಪು ಮಾಡಿದರೂ ಬರುವ ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ. ಈ ಬಾಕ್ಸಿನಲ್ಲಿ ಇನ್‌ಪುಟ್ ಶಾಫ್ಟ್ ಮತ್ತು ಮೇನ್ ಶಾಫ್ಟ್ ಒಂದೇ ನೇರದಲ್ಲಿವೆ, ಕೆಳಗೆ ಲೇ ಶಾಫ್ಟ್ ಇದೆ. ಎಂಜಿನ್ ಟಾರ್ಕ್ ಮೊದಲು ಇನ್‌ಪುಟ್ ಗೇರಿನಿಂದ ಲೇ ಶಾಫ್ಟಿಗೆ ಇಳಿಯುತ್ತದೆ, ಆಮೇಲೆ ಬೇರೊಂದು ಜೋಡಿಯ ಮೂಲಕ ಮೇನ್ ಶಾಫ್ಟಿಗೆ ಏರುತ್ತದೆ. ಅಂದರೆ ಪುಸ್ತಕದಲ್ಲಿ ಮೂರನೇ ಗೇರ್ 1.33 ಎಂದು ಬರೆದಿದ್ದರೆ ಅದು ಎರಡು ಜೋಡಿಗಳ ಗುಣಲಬ್ಧ, ಮೂರನೇ ಗೇರಿನ ಜೋಡಿಯೊಂದರದ್ದೇ ಅನುಪಾತ ಅಲ್ಲ.

ಮೊದಲ ಜೋಡಿ 20 ಹಲ್ಲು ಮತ್ತು 28 ಹಲ್ಲಿನದು ಎಂದುಕೊಳ್ಳಿ, ಅನುಪಾತ 1.4. ಮೊದಲ ಹೆಜ್ಜೆ, ಆ ಜೋಡಿಯ ಬಲ: 150 × 2.4 ÷ 0.075 = 4,800 ನ್ಯೂಟನ್. ಎರಡನೇ ಹೆಜ್ಜೆ, ಲೇ ಶಾಫ್ಟಿನ ಟಾರ್ಕ್ 150 × 1.4 = 210. ಇಲ್ಲಿಂದ ಮುಂದೆ 150 ಅನ್ನು ಮರೆತುಬಿಡಿ. ಮೂರನೇ ಹೆಜ್ಜೆ, ಒಟ್ಟು ಅನುಪಾತವನ್ನು 1.4ರಿಂದ ಭಾಗಿಸಿ. ಮೂರನೇ ಗೇರಿಗೆ 1.33 ÷ 1.4 = 0.95. ನಾಲ್ಕನೇ ಹೆಜ್ಜೆ, 210 × 1.95 ÷ 0.075 = 5,460 ನ್ಯೂಟನ್. ಒಟ್ಟು ಅನುಪಾತವನ್ನೇ ಸೂತ್ರಕ್ಕೆ ಹಾಕಿದ್ದರೆ 4,660 ಬರುತ್ತಿತ್ತು, ನಿಜವಾದ ಭಾರಕ್ಕಿಂತ ಸುಮಾರು ಶೇ. 15 ಕಡಿಮೆ. ಅದೇ ದಾರಿಯಲ್ಲಿ ಎರಡನೇ ಗೇರ್ (1.89) ಸುಮಾರು 6,580, ಮೊದಲನೇ ಗೇರ್ (3.14) ಸುಮಾರು 9,080, ಐದನೇ ಗೇರ್ (0.81) ಸುಮಾರು 4,420 ನ್ಯೂಟನ್.

ನಾಲ್ಕನೇ ಗೇರ್ 1.00 ಆಗಿದ್ದರೆ? ಹೆಚ್ಚಿನ ಐದು ಗೇರಿನ ಇಂಥ ಬಾಕ್ಸ್‌ಗಳಲ್ಲಿ ಅದು ಡೈರೆಕ್ಟ್. ಸ್ಲೀವ್ (ಗೇರ್ ಹಾಕುವಾಗ ಸರಿಯುವ ಬಳೆ) ಇನ್‌ಪುಟ್ ಶಾಫ್ಟನ್ನೂ ಮೇನ್ ಶಾಫ್ಟನ್ನೂ ನೇರವಾಗಿ ಹಿಡಿಯುತ್ತದೆ. ಲೇ ಶಾಫ್ಟ್ ಸುಮ್ಮನೆ ಸುತ್ತುತ್ತಿರುತ್ತದೆ. ಯಾವ ಹಲ್ಲಿನ ಮೇಲೂ ಎಂಜಿನ್ ಭಾರ ಇಲ್ಲ! ಹಾಗೆಯೇ ಮೊದಲ ಜೋಡಿಗೆ ಡೈರೆಕ್ಟ್ ಗೇರಿನಲ್ಲಿ ಮಾತ್ರ ವಿರಾಮ, ಉಳಿದ ಎಲ್ಲ ಗೇರಿನಲ್ಲೂ ಅದು ದುಡಿಯುತ್ತಲೇ ಇರಬೇಕು.

ಖರ್ಚು ಕಡಿಮೆಯಿದ್ದು ಆಯುಸ್ಸು ಹೆಚ್ಚಿಸುವ ಉಪಾಯ ಹುಟ್ಟುವುದು ಇಲ್ಲಿಂದಲೇ. ಬಾಕ್ಸ್ ಬದಲಿಸುವ ಮೊದಲು ಫೈನಲ್ ಡ್ರೈವ್ ಅನುಪಾತ, ಅಂದರೆ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಾರಿಯ ಕೊನೆಯ ಜೋಡಿಯ ಅನುಪಾತ, ನೋಡಿ. 195/50 ಆರ್ 15 ಟೈರಿನ ಸುತ್ತಳತೆ ಸುಮಾರು 1.81 ಮೀಟರ್. 7,000 ಆರ್‌ಪಿಎಂನಲ್ಲಿ ಫೈನಲ್ ಡ್ರೈವ್ 4.1 ಇದ್ದರೆ ಮೂರನೇ ಗೇರ್ 139 ಕಿ.ಮೀ. ವೇಗದವರೆಗೆ, ನಾಲ್ಕನೆಯದು 185ರವರೆಗೆ. ಅದೇ 4.5 ಆದರೆ 127 ಮತ್ತು 169. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ, ಸುಮಾರು 2.1 ಕಿ.ಮೀ. ಉದ್ದದ ಸಣ್ಣ ಟ್ರ್ಯಾಕಿನಲ್ಲಿ ಕಾರು 165ನ್ನು ದಾಟದಿದ್ದರೆ 4.5 ಹಾಕಿ. ಗಂಟೆಗೆ 12 ಕಿ.ಮೀ. ಕಡಿಮೆ ವೇಗದಲ್ಲೇ ಡೈರೆಕ್ಟ್ ಗೇರ್ ಸಿಗುತ್ತದೆ, ಮೂರನೇ ಗೇರಿನ ಹಲ್ಲು ಅಷ್ಟು ಹೊತ್ತು ಉಳಿಯುತ್ತದೆ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯ ಸುಮಾರು 3.7 ಕಿ.ಮೀ. ಟ್ರ್ಯಾಕಿಗೆ ಇದೇ ಲೆಕ್ಕವನ್ನು ಮತ್ತೆ ಮಾಡಬೇಕು. ಒಂದು ಎಚ್ಚರ: ಅನುಪಾತ ಏರಿದಷ್ಟೂ ಡಿಫರೆನ್ಶಿಯಲ್ಲಿನ ಪಿನಿಯನ್ (ಫೈನಲ್ ಡ್ರೈವಿನ ಚಿಕ್ಕ ಗೇರ್) ಸಣ್ಣದಾಗುತ್ತದೆ, ಅದರ ಹಲ್ಲಿನ ಭಾರ ಹೆಚ್ಚುತ್ತದೆ.

ಎರಡು ಬಾಕ್ಸ್‌ಗಳನ್ನು ಹೋಲಿಸಲು ಇನ್ನೊಂದು ಅಡ್ಡದಾರಿ ಇದೆ. ಎಲ್ಲ ಅಳತೆಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದರೆ ಬಾಕ್ಸ್ ತಡೆಯುವ ಟಾರ್ಕ್ ಸೆಂಟರ್ ಡಿಸ್ಟೆನ್ಸಿನ ಘನಕ್ಕೆ ತಕ್ಕಂತೆ ಏರುತ್ತದೆ. ಅಮೆರಿಕದ ಹವ್ಯಾಸಿ ರೇಸಿನವರಿಗೆ ಚಿರಪರಿಚಿತವಾದ ಬೋರ್ಗ್ ವಾರ್ನರ್ ಕಂಪನಿಯ ಟಿ-5 ಬಾಕ್ಸಿನದು 77 ಮಿ.ಮೀ., ಟಿ-56ರದು 85. ಎಂಟೇ ಮಿಲಿಮೀಟರ್ ಅಂತರ, ಆದರೆ ಘನ ಮಾಡಿದರೆ 1.35 ಪಟ್ಟು. ಕ್ಯಾಟಲಾಗಿನ ಯಾವ ವಿಶೇಷಣಕ್ಕಿಂತಲೂ ಈ ಒಂದು ಅಳತೆಯನ್ನು ನಂಬಬಹುದು.

ಶಾಫ್ಟ್ ಬಾಗುವುದು

ಆಲೆಮನೆಯಲ್ಲಿ ಗಾಣಕ್ಕೆ ಒಂದೇ ಸಲ ಹೆಚ್ಚು ಜಲ್ಲೆ ಕೊಟ್ಟರೆ ಉರುಳೆಗಳು ಒಂದನ್ನೊಂದು ದೂರ ತಳ್ಳುವುದನ್ನು ನೋಡಿರುತ್ತೀರಿ. ಚೌಕಟ್ಟು ಬಿಗಿಯಾಗಿಲ್ಲದಿದ್ದರೆ ಕಬ್ಬು ಅರೆಯದೆ ಜಾರಿಹೋಗುತ್ತದೆ. ಗೇರಿನ ಹಲ್ಲುಗಳೂ ಹಾಗೆಯೇ ಶಾಫ್ಟ್‌ಗಳನ್ನು ದೂರ ತಳ್ಳುತ್ತವೆ. ಹಲ್ಲಿನ ಒತ್ತಡ ಕೋನ (ಹಲ್ಲು ಹಲ್ಲನ್ನು ತಳ್ಳುವ ದಿಕ್ಕಿನ ಓರೆ) 20 ಡಿಗ್ರಿ ಇದ್ದರೆ ಆ ತಳ್ಳುವ ಬಲ ಹಲ್ಲಿನ ಬಲದ 0.364 ಪಾಲು. ಮೇಲಿನ ಮೂರನೇ ಗೇರಿಗೆ ಸುಮಾರು 2,000 ನ್ಯೂಟನ್, ಅಂದರೆ ಎರಡು ಕ್ವಿಂಟಾಲ್ ಭಾರ. ಹೆಲಿಕಲ್ (ಓರೆಯಾಗಿ ಕೊರೆದ) ಹಲ್ಲಾದರೆ ಇದಕ್ಕಿಂತ ಸ್ವಲ್ಪ ಹೆಚ್ಚು.

ಶಾಫ್ಟ್ ಎಷ್ಟು ಬಾಗುತ್ತದೆ ಎಂಬುದು ಬೇರಿಂಗಿನಿಂದ ಗೇರ್ ಎಷ್ಟು ದೂರ ಎಂಬುದರ ಮೇಲೆ ನಿಂತಿದೆ. ಎರಡು ಬೇರಿಂಗ್‌ಗಳ ನಡುವೆ 240 ಮಿ.ಮೀ. ಇದ್ದು ಗೇರ್ ನಟ್ಟನಡುವೆ ಕೂತಿದ್ದರೆ, ತುದಿಯಿಂದ 40 ಮಿ.ಮೀ. ದೂರದ ಗೇರಿನ ಜಾಗಕ್ಕಿಂತ ಅದೇ ಬಲಕ್ಕೆ ಮೂರು ಪಟ್ಟಿಗೂ ಹೆಚ್ಚು ಬಾಗುತ್ತದೆ. ಬಾಗಿದಾಗ ಹಲ್ಲು ಪೂರ್ತಿ ಅಗಲಕ್ಕೆ ಕೂಡುವುದಿಲ್ಲ, ಒಂದು ಅಂಚು ಮಾತ್ರ ಭಾರ ಹೊರುತ್ತದೆ, ಆ ಅಂಚಿನಿಂದ ಚಿಪ್ಪು ಏಳಲು ಶುರುವಾಗುತ್ತದೆ. ಮೊದಲನೇ ಗೇರಿನ ಮೇಲೆ ಬಲ ಹೆಚ್ಚಿದ್ದರೂ ಅದು ಸಾಮಾನ್ಯವಾಗಿ ಬೇರಿಂಗಿನ ಪಕ್ಕದಲ್ಲಿರುತ್ತದೆ, ರೇಸಿನಲ್ಲಿ ಬಳಕೆಯೂ ಹೊರಡುವಾಗ ಮಾತ್ರ. ಟಿ-5ರಲ್ಲಿ ಮೂರನೇ ಗೇರೇ ಹೆಚ್ಚು ಹೋಗುವುದು ಇದಕ್ಕೆ ಒಪ್ಪುತ್ತದೆ. ಹಾಗಾಗಿ ಉದ್ದ ಕಡಿಮೆ, ಶಾಫ್ಟ್ ದಪ್ಪ, ನಡುವೆ ಇನ್ನೊಂದು ಬೇರಿಂಗ್ ಇರುವ ಬಾಕ್ಸ್ ಸಿಕ್ಕರೆ ಅದನ್ನೇ ಆರಿಸಿ. ವ್ಯಾಸ ಶೇ. 10 ಹೆಚ್ಚಾದರೆ ಬಿಗಿತ ಶೇ. 46 ಏರುತ್ತದೆ.

ನೇರ ಹಲ್ಲಿನ ಗೇರ್ ತಂತಾನೇ ಗಟ್ಟಿ ಎಂಬುದು ತಪ್ಪು ತಿಳಿವಳಿಕೆ. ಅಳತೆ ಒಂದೇ ಆಗಿದ್ದರೆ ಹೆಲಿಕಲ್ಲಿನಲ್ಲಿ ಏಕಕಾಲಕ್ಕೆ ಹೆಚ್ಚು ಹಲ್ಲು ಭಾರ ಹಂಚಿಕೊಳ್ಳುತ್ತವೆ. ನೇರ ಹಲ್ಲಿನ ಲಾಭ ಬೇರೆ: ಶಾಫ್ಟನ್ನು ಉದ್ದಕ್ಕೆ ತಳ್ಳುವ ಬಲ ಇರುವುದಿಲ್ಲ. 30 ಡಿಗ್ರಿ ಹೆಲಿಕ್ಸಿನಲ್ಲಿ ಆ ಬಲ ಹಲ್ಲಿನ ಬಲದ ಶೇ. 58ರಷ್ಟಿರುತ್ತದೆ, ಅದನ್ನು ತಡೆಯುವುದು ಬೇರಿಂಗ್ ಮತ್ತು ಅಲ್ಯೂಮಿನಿಯಂ ಕೇಸ್. ರೇಸ್ ಗೇರ್‌ಸೆಟ್ ಗಟ್ಟಿಯಾಗಿದ್ದರೆ ಕಾರಣ ಅದರ ದಪ್ಪ ಹಲ್ಲು ಮತ್ತು ಒಳ್ಳೆಯ ಉಕ್ಕು.

ಬಿಸಿ ಮತ್ತು ಆಯಿಲ್

100 ಕಿಲೋವ್ಯಾಟ್ ಹಾದುಹೋಗುವಾಗ ಶೇ. 3 ನಷ್ಟವಾದರೂ 3 ಕಿಲೋವ್ಯಾಟ್ ಬಿಸಿ, ಮೂರು ಇಸ್ತ್ರಿಪೆಟ್ಟಿಗೆಗಳನ್ನು ಕೇಸಿನೊಳಗೆ ಹಾಕಿದಂತೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 250 ಮಿ.ಮೀ. ಉದ್ದಕ್ಕೆ 80 ಡಿಗ್ರಿ ಏರಿದರೆ ಕೇಸ್ ಶಾಫ್ಟಿಗಿಂತ 0.22 ಮಿ.ಮೀ. ಹೆಚ್ಚು ಉದ್ದವಾಗುತ್ತದೆ. ಟೇಪರ್ ರೋಲರ್ ಬೇರಿಂಗ್ ಇರುವ ಬಾಕ್ಸಿನಲ್ಲಿ ತಣ್ಣಗಿದ್ದಾಗ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಬಿಗಿ ಮಾಡಿದ್ದು ಬಿಸಿಯಲ್ಲಿ ಸಡಿಲವಾಗುವುದು ಹೀಗೆ. ಕೈಯಲ್ಲಿ ತಿರುಗಿಸಿ ‘ಫ್ರೀ ಇದೆ’ ಎಂದು ಕೂರಿಸಬೇಡಿ. ಮ್ಯಾನ್ಯುಯಲ್ ಹೇಳಿದ ಪ್ರಿಲೋಡ್ (ಬೇರಿಂಗಿಗೆ ಮೊದಲೇ ಕೊಡುವ ಬಿಗಿತ) ಅನ್ನು ಡಯಲ್ ಗೇಜಿನಿಂದಲೇ ಹೊಂದಿಸಿ.

ಆಯಿಲ್ ವಿಷಯದಲ್ಲಿ ಗ್ಯಾರೇಜಿನ ರೂಢಿ ನಂಬಬೇಡಿ. ಯಾವ ಬಾಕ್ಸಿಗಾದರೂ ನೈಂಟಿ ಆಯಿಲ್ (90 ದರ್ಜೆಯ ದಪ್ಪ ಗೇರ್ ಆಯಿಲ್) ಸುರಿಯುವುದು ಅಭ್ಯಾಸವಾಗಿದೆ. ವರ್ಲ್ಡ್ ಕ್ಲಾಸ್ ಟಿ-5 (ಟಿ-5ರ ಸುಧಾರಿತ ಆವೃತ್ತಿ), ಟಿ-56 ಇವುಗಳಿಗೆ ಬೇಕಾದದ್ದು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಬಾಕ್ಸಿಗೆ ಹಾಕುವ ತೆಳು ಆಯಿಲ್. ಗೇರಿನಡಿಯ ನೀಡಲ್ ಬೇರಿಂಗ್‌ಗಳಿಗೆ ದಪ್ಪ ಆಯಿಲ್ ಸಲೀಸಾಗಿ ಇಳಿಯುವುದಿಲ್ಲ. ಹಿತ್ತಾಳೆ ಸಿಂಕ್ರೊ (ಗೇರ್ ಹಾಕುವಾಗ ಉಜ್ಜಿ ಗೇರಿನ ಮತ್ತು ಶಾಫ್ಟಿನ ವೇಗ ಹೊಂದಿಸುವ ರಿಂಗ್) ಇರುವಲ್ಲಿ ಮ್ಯಾನ್ಯುಯಲ್ ಜಿಎಲ್-4 ದರ್ಜೆಯ ಗೇರ್ ಆಯಿಲ್ ಕೇಳಿದ್ದರೆ ಜಿಎಲ್-5 ಹಾಕಬೇಡಿ. ಜಾರಿಕೆ ಹೆಚ್ಚಾಗಿ ರಿಂಗ್ ಗೇರನ್ನು ಹಿಡಿಯುವುದಿಲ್ಲ. ಕೇಸಿನ ಮೇಲೆ ತಾಪಮಾನದ ಪಟ್ಟಿ ಅಂಟಿಸಿ. 120 ಡಿಗ್ರಿ ದಾಟುತ್ತಿದ್ದರೆ ಪಂಪು, ಕೂಲರ್ ಬೇಕೇ ಬೇಕು.

ಸಿಂಕ್ರೊ ಸಾಕೇ, ಡಾಗ್ ಬೇಕೇ

ಮೊದಲು ಸಾಯುವುದು ಎರಡನೇ ಗೇರಿನ ಸಿಂಕ್ರೊ. ಮೇಲಿನ ಅನುಪಾತಗಳಲ್ಲಿ 6,500ಕ್ಕೆ ಬರುವಂತೆ ಮೂರರಿಂದ ಎರಡಕ್ಕೆ ಇಳಿಸಿದರೆ ಇನ್‌ಪುಟ್ ಶಾಫ್ಟ್ ಸುಮಾರು 1,930 ಆರ್‌ಪಿಎಂ ಏರಬೇಕು. ನಾಲ್ಕರಿಂದ ಮೂರಕ್ಕೆ 1,610. ರಿಂಗ್ ನುಂಗಬೇಕಾದ ಶಕ್ತಿ ಈ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ, ಹಾಗಾಗಿ 1.43 ಪಟ್ಟು. ಇಳಿಸುವಾಗ ಆಕ್ಸಿಲರೇಟರ್ ತಟ್ಟಿ ಎಂಜಿನ್ ಏರಿಸಿದರೆ ಮಾತ್ರ ಸಾಲದು. ಕ್ಲಚ್ ಒತ್ತಿದ್ದಾಗ ಏರುವುದು ಎಂಜಿನ್, ಇನ್‌ಪುಟ್ ಶಾಫ್ಟ್ ಅಲ್ಲ. ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಏರಿಸಿದರೆ ಸಿಂಕ್ರೊಗೆ ನಿಜವಾದ ನೆರವು. ಸಣ್ಣ ವ್ಯಾಸದ ಹಗುರ ಕ್ಲಚ್ ಪ್ಲೇಟೂ ಇದೇ ಉಪಕಾರ ಮಾಡುತ್ತದೆ, ಏಕೆಂದರೆ ರಿಂಗ್ ಹೊರಬೇಕಾದ ಜಡತ್ವದಲ್ಲಿ ದೊಡ್ಡ ಪಾಲು ಆ ಪ್ಲೇಟಿನದು.

ಡಾಗ್ ಬಾಕ್ಸಿನಲ್ಲಿ ಸಿಂಕ್ರೊ ಇಲ್ಲ, ನೇರವಾಗಿ ಸಿಕ್ಕಿಕೊಳ್ಳುವ ಕೆಲವೇ ದೊಡ್ಡ ಹಲ್ಲು (ಡಾಗ್) ಮಾತ್ರ. ವೇಗವಾಗಿ, ಹಿಂಜರಿಯದೆ ಹಾಕಬೇಕು. ಮೆಲ್ಲಗೆ ಸವರುತ್ತಾ ಹಾಕಿದರೆ ಮೂಲೆಗಳು ಉರುಟಾಗಿ ಗೇರ್ ತಾನಾಗಿ ಹೊರಬರುತ್ತದೆ. ಡಾಗ್ ರಿಂಗುಗಳು ಸವೆಯುವ ಸಾಮಾನು, ಆಗಾಗ ಬಿಚ್ಚಿ ನೋಡಬೇಕು. ವರ್ಷಕ್ಕೆ ನಾಲ್ಕೈದು ರೇಸ್ ಓಡಿಸುವವರಿಗೆ ಬಿಡಿಭಾಗ ಊರಲ್ಲೇ ಸಿಗುವ ಸಿಂಕ್ರೊ ಬಾಕ್ಸ್, ಜೊತೆಗೆ ಗುಜರಿಯಿಂದ ತಂದು ಸರಿಮಾಡಿಟ್ಟ ಇನ್ನೊಂದು, ಇದೇ ಉತ್ತಮ. ದಿಂಬಂ ಘಾಟಿಯ 27 ತಿರುವು ಇಳಿದು ಕೊಯಮತ್ತೂರು ಸೇರಿದ ಮೇಲೆ ಶನಿವಾರ ರಾತ್ರಿ ಡಾಗ್ ರಿಂಗ್ ಹುಡುಕಲಾಗುವುದಿಲ್ಲ.

ಹಳೆಯ ಬಾಕ್ಸ್ ಕೊಳ್ಳುವಾಗ

ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ನೋಡಿ. ಬೂದು ಬಣ್ಣದ ನುಣುಪು ಹಿಟ್ಟು ಸಹಜ, ಚೂಪು ಚೂರು ಬಂದರೆ ಬಿಟ್ಟುಬಿಡಿ. ಸಿಂಕ್ರೊ ರಿಂಗನ್ನು ಗೇರಿನ ಕೋನಿಗೆ (ಶಂಕುವಿನ ಆಕಾರದ ಭಾಗಕ್ಕೆ) ಒತ್ತಿ ಹಿಡಿದು ಫೀಲರ್ ಗೇಜಿನಿಂದ ಸಂದು ಅಳೆಯಿರಿ. ಮಿತಿ ಬಾಕ್ಸಿನಿಂದ ಬಾಕ್ಸಿಗೆ ಬೇರೆ, ಮ್ಯಾನ್ಯುಯಲ್ ನೋಡಲೇಬೇಕು. ಮೂರನೇ ಗೇರಿನ ಹಲ್ಲಿನಲ್ಲಿ ಹೊಳಪು ಒಂದೇ ಅಂಚಿಗೆ ಸರಿದಿದ್ದರೆ ಆ ಶಾಫ್ಟ್ ಬಾಗುತ್ತಲೇ ಓಡಿದೆ. ಶಿಫ್ಟ್ ಫೋರ್ಕಿನ ಪ್ಯಾಡ್ ಮರೆಯಬೇಡಿ.

ಕೂರಿಸುವಾಗ ಬೆಲ್ ಹೌಸಿಂಗಿನ (ಎಂಜಿನ್ ಮತ್ತು ಬಾಕ್ಸನ್ನು ಜೋಡಿಸುವ ಕವಚದ) ರಂಧ್ರ ಕ್ರ್ಯಾಂಕಿನ ನೇರಕ್ಕಿದೆಯೇ ಎಂದು ಡಯಲ್ ಗೇಜ್ ಸುತ್ತಿಸಿ ನೋಡಿ. ಒಂದು ಸುತ್ತಿನಲ್ಲಿ ಗೇಜಿನ ಮುಳ್ಳಿನ ಒಟ್ಟು ಓಟ 0.13 ಮಿ.ಮೀ. ಮೀರಬಾರದು. ಮೀರಿದರೆ ಇನ್‌ಪುಟ್ ಬೇರಿಂಗ್ ಹೋಗುತ್ತದೆ, ಗೇರ್ ಜಿಗಿಯುತ್ತದೆ, ದೂರು ಮಾತ್ರ ಬಾಕ್ಸಿನ ಮೇಲೆ ಬರುತ್ತದೆ. ಕೊನೆಗೆ ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ, ಹತ್ತು ಸೆಕೆಂಡ್ ತಡೆದು ರಿವರ್ಸ್ ಹಾಕಿ. ರಿವರ್ಸಿಗೆ ಸಿಂಕ್ರೊ ಇಲ್ಲದ ಬಾಕ್ಸಿನಲ್ಲಿ ಕರಕರ ಸದ್ದು ಬಂದರೆ ಕ್ಲಚ್ ಇನ್ನೂ ಎಳೆಯುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಹೊಸ ಸಿಂಕ್ರೊ ಹಾಕಿದರೆ ಮೊದಲ ರೇಸಿನಲ್ಲೇ ಸವೆದುಹೋಗುತ್ತದೆ.