ಹೆರಿಗೆ ಆಸ್ಪತ್ರೆಗೆ ಬಂತು, ಸೂಲಗಿತ್ತಿ ಬರಲಿಲ್ಲ

ಮುಂಬಯಿ ಕಡೆಯ ಡೊಂಬಿವಲಿಯಿಂದಲೋ ಘಾಟ್‌ಕೋಪರಿನಿಂದಲೋ ಊರಿಗೆ ಹೆರಿಗೆಯ ಸುದ್ದಿ ಮುಟ್ಟಿದರೆ, ಗಂಡೋ ಹೆಣ್ಣೋ ಎಂದು ಕೇಳಿದ ಮರುಗಳಿಗೆ ಬರುವ ಪ್ರಶ್ನೆ, ‘ನಾರ್ಮಲ್ಲಾ, ಸಿಸೇರಿಯನ್ನಾ?’ ಸಿಸೇರಿಯನ್ ಎಂದರೆ ಆ ಕಡೆಯಿಂದ ಒಂದು ಗಳಿಗೆ ಮೌನ. ಸುಮ್ಮನೆ ಕೊಯ್ದರೇನೋ ಎಂಬ ಅನುಮಾನ ಅದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಅನುಮಾನ ಆಧಾರವಿಲ್ಲದ್ದಲ್ಲ. ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಹೆರಿಗೆ ಸಿಸೇರಿಯನ್ ಆದರೆ ಖಾಸಗಿಯಲ್ಲಿ ಶೇ. 47.4. ಒಟ್ಟಾರೆ ಮಹಾರಾಷ್ಟ್ರದಲ್ಲಿ ಶೇ. 25.4, ಗೋವಾದಲ್ಲಿ ಶೇ. 39.5. ಖಾಸಗಿಗೆ ಹೋಗುವವರ ವಯಸ್ಸು, ತೂಕ, ಕಾಯಿಲೆಗಳಲ್ಲಿ ವ್ಯತ್ಯಾಸವಿರಬಹುದು, ಆದರೆ ಮೂರು ಪಟ್ಟಿಗೂ ಮಿಕ್ಕಿದ ಅಂತರವನ್ನು ಅದೊಂದೇ ವಿವರಿಸಲಾರದು.

ಹಾಗೆಂದು ಹಿಂದಿನ ಕಾಲದ ಮನೆ ಹೆರಿಗೆಯೇ ಲೇಸು ಎನ್ನುವ ಮಾತನ್ನು ಒಪ್ಪಲಾಗದು. ಸೂಲಗಿತ್ತಿಗೆ ಗೊತ್ತಿದ್ದದ್ದು ಸಣ್ಣ ವಿದ್ಯೆಯಲ್ಲ. ನೋವು ಏರುವಾಗ ಓಡಾಡಿಸುವುದು, ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ಕುಕ್ಕರಗಾಲಿನಲ್ಲಿ ಕೂರಿಸುವುದು, ಸೊಂಟ ನೀವುವುದು, ಎಲ್ಲಕ್ಕಿಂತ ಹೆಚ್ಚಾಗಿ ಅವಸರ ಮಾಡದೆ ಪಕ್ಕದಲ್ಲಿ ಕೂತಿರುವುದು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಅಂಥ ವಿದ್ಯೆಗೇ. ಆದರೆ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಸಗಣಿ ಮೆತ್ತಿದ ಕಡೆ ಧನುರ್ವಾಯು ಬಂದು ಹಸುಗೂಸುಗಳು ಸತ್ತವು. ಮಗು ಅಡ್ಡಲಾಗಿದ್ದರೆ, ಮಾಸು ಬೀಳದೆ ರಕ್ತ ಹರಿದರೆ, ಅವಳ ಕೈಯಲ್ಲಿ ಏನೂ ಇರಲಿಲ್ಲ.

ಆಗ ಆಸ್ಪತ್ರೆಯೂ ಕ್ಷೇಮದ ಜಾಗವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು, ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿ ನಂಜಿನಿಂದ ಹೆಚ್ಚು ಜನ ಸಾಯುತ್ತಿದ್ದುದು ವೈದ್ಯರ ವಿಭಾಗದಲ್ಲಿ. ಶವ ಕೊಯ್ದ ಕೈಯಲ್ಲೇ ಗರ್ಭಿಣಿಯರನ್ನು ಮುಟ್ಟುತ್ತಿರುವುದು ಕಾರಣವೆಂದು 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಕಂಡುಕೊಂಡು, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದರು. ಏಪ್ರಿಲಿನಲ್ಲಿ ಶೇ. 18ರಷ್ಟಿದ್ದ ಸಾವು ಜೂನಿಗೆ ಶೇ. 2ರ ಆಸುಪಾಸಿಗೆ ಇಳಿಯಿತು.

ಮುಂಬಯಿಯಲ್ಲಿ ಹೆಂಗಸರಿಗೆಂದೇ ಕಾಮಾ ಆಸ್ಪತ್ರೆ 1886ರಲ್ಲಿ ಬಾಗಿಲು ತೆರೆಯಿತು. ಗಂಡು ವೈದ್ಯರು ಮುಟ್ಟುವುದಕ್ಕಿಂತ ಸಾವೇ ಮೇಲು ಎನ್ನುತ್ತಿದ್ದ ಕಾಲ. ಇಂಗ್ಲೆಂಡಿನ ವೈದ್ಯೆ ಎಡಿತ್ ಪೀಚಿ ಅದರ ಹೊಣೆ ಹೊತ್ತರು, ಮುಂದೆ ನಮ್ಮ ದೇಶದ ಮೊದಮೊದಲ ವೈದ್ಯೆಯರಲ್ಲೊಬ್ಬರಾದ ರಖಮಾಬಾಯಿ ಅಲ್ಲಿ ಕೆಲಸ ಮಾಡಿದರು. ಪರೇಲಿನ ಗಿರಣಿ ಕೇರಿಗಳ ನಡುವೆ ವಾಡಿಯಾ ಹೆರಿಗೆ ಆಸ್ಪತ್ರೆ 1926ರಲ್ಲಿ ಬಂತು, ಮೂರೇ ವರ್ಷಕ್ಕೆ ಮುಂಬಯಿ ಪ್ರಾಂತ್ಯದ ಹೆರಿಗೆ ಸೌಲಭ್ಯ ಕಾಯ್ದೆ. ಹತ್ತಕ್ಕೆ ಹನ್ನೆರಡು ಅಡಿಯ ಚಾಳಿನ ಖೋಲಿಯಲ್ಲಿ ಹೆರುವುದು ಹೇಗೆಂದು ಬಲ್ಲವರಿಗೆ ಆಸ್ಪತ್ರೆಯ ಮಂಚ ಏನೆಂದು ವಿವರಿಸಬೇಕಿಲ್ಲ.

ಈ ನಗರ ಹೆರಿಗೆ ಶಾಸ್ತ್ರಕ್ಕೆ ಕೊಟ್ಟದ್ದೂ ಉಂಟು. ಗೋವಾದ ಶಿರೋಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಶಾಲೆ ಕಲಿತು, ಜೆ.ಜೆ. ಆಸ್ಪತ್ರೆಯಲ್ಲಿ ದುಡಿದ ಡಾ. ವಿಠ್ಠಲ ನಾಗೇಶ ಶಿರೋಡ್ಕರ್, ತಿಂಗಳು ತುಂಬುವ ಮೊದಲೇ ಗರ್ಭಕೋಶದ ಬಾಯಿ ತೆರೆದು ಮತ್ತೆ ಮತ್ತೆ ಗರ್ಭ ಕಳೆದುಕೊಳ್ಳುವವರಿಗೆ ಆ ಬಾಯಿಯ ಸುತ್ತ ಹೊಲಿಗೆ ಹಾಕಿ ಬಿಗಿಯುವ ವಿಧಾನವನ್ನು 1955ರಲ್ಲಿ ಪ್ರಕಟಿಸಿದರು. ಹೊಲಿಗೆಗೆ ಅವರು ಬಳಸಿದ್ದು ತಾಯಿಯದೇ ತೊಡೆಯಿಂದ ತೆಗೆದ ಪೊರೆಯ ಪಟ್ಟಿ. ‘ಶಿರೋಡ್ಕರ್ ಹೊಲಿಗೆ’ ಎಂದು ಜಗತ್ತೆಲ್ಲ ಅದನ್ನು ಕರೆಯುತ್ತದೆ. ವೈದ್ಯರು ಕೈ ಹಾಕುವುದೇ ತಪ್ಪು ಎನ್ನುವವರು ಈ ಹೊಲಿಗೆಯಿಂದ ಉಳಿದ ಮಕ್ಕಳ ಬಗ್ಗೆಯೂ ಯೋಚಿಸಬೇಕು.

ತೊಡಕು ಶುರುವಾದದ್ದು ಹೆರಿಗೆ ಕೋಣೆಗೆ ಗಡಿಯಾರ ಬಂದಾಗ. 1950ರ ದಶಕದಲ್ಲಿ ಅಮೆರಿಕದ ಎಮ್ಯಾನುಯೆಲ್ ಫ್ರೀಡ್‌ಮನ್ ಹೆರುವ ಹೆಂಗಸರ ಗರ್ಭಕೋಶದ ಬಾಯಿ ಗಂಟೆಗೆಷ್ಟು ತೆರೆಯುತ್ತದೆಂದು ಅಳೆದು ಗೆರೆ ಎಳೆದರು. ‘ಗಂಟೆಗೆ 1 ಸೆಂ.ಮೀ.’ ಎಂಬ ಲೆಕ್ಕ ಮುಂದೆ ನಿಯಮವೇ ಆಗಿಹೋಯಿತು. ಡಬ್ಲಿನ್ನಿನಲ್ಲಿ ಕೀರನ್ ಓಡ್ರಿಸ್ಕಲ್ ಇನ್ನೂ ಮುಂದೆ ಹೋದರು. ಚೊಚ್ಚಲ ಬಸುರಿಯ ನೋವು 12 ಗಂಟೆ ಮೀರಕೂಡದು; ನೀರಿನ ಚೀಲ ಒಡೆಯಿರಿ, ಗರ್ಭಕೋಶವನ್ನು ಬಿಗಿಸುವ ಔಷಧವಾದ ಆಕ್ಸಿಟೋಸಿನ್ ಡ್ರಿಪ್ ಹಾಕಿ. ಆದರೆ ಅದೇ ಪದ್ಧತಿಯಲ್ಲಿ ಇನ್ನೊಂದು ಕಟ್ಟಳೆಯಿತ್ತು, ಪ್ರತಿ ಹೆಂಗಸಿನ ಪಕ್ಕದಲ್ಲೂ ಹೆರಿಗೆ ಮುಗಿಯುವವರೆಗೆ ಒಬ್ಬ ನರ್ಸ್ ಕದಲದೆ ಇರಬೇಕು. ಬೇರೆ ದೇಶಗಳಿಗೆ ಹೋದದ್ದು ಡ್ರಿಪ್ಪು, ಪಕ್ಕದಲ್ಲಿ ಕೂರುವ ನರ್ಸ್ ಹೋಗಲಿಲ್ಲ.

ಡ್ರಿಪ್ ಕೆಟ್ಟದ್ದಲ್ಲ, ಕಾಯುವವರಿಲ್ಲದ ಡ್ರಿಪ್ ಕೆಟ್ಟದ್ದು. 500 ಮಿ.ಲೀ. ಸಲೈನಿಗೆ 2.5 ಯೂನಿಟ್ ಆಕ್ಸಿಟೋಸಿನ್ ಸೇರಿಸಿ ನಿಮಿಷಕ್ಕೆ 10 ಹನಿಯಿಂದ ಶುರುಮಾಡಿ, ಅರ್ಧ ಗಂಟೆಗೊಮ್ಮೆ 10 ಹನಿ ಏರಿಸುತ್ತ ಹೋಗಬೇಕು. 10 ನಿಮಿಷಕ್ಕೆ 3 ನೋವು, ಒಂದೊಂದೂ 40 ಸೆಕೆಂಡಿಗೆ ಮಿಕ್ಕಿ ನಿಂತರೆ ಅಲ್ಲಿಗೆ ಸಾಕು. ಪ್ರತಿ ನೋವಿಗೂ ಗರ್ಭಕೋಶ ಬಿಗಿದಾಗ ಮಾಸಿಗೆ ಹೋಗುವ ರಕ್ತ ತಡೆಯುತ್ತದೆ, ಸಡಿಲವಾದಾಗ ಮಗು ಚೇತರಿಸಿಕೊಳ್ಳುತ್ತದೆ. 10 ನಿಮಿಷಕ್ಕೆ 5ಕ್ಕಿಂತ ಹೆಚ್ಚು ನೋವು ಬಂದರೆ ಆ ಬಿಡುವು ಸಿಗುವುದಿಲ್ಲ, ಮಗುವಿನ ಎದೆಬಡಿತ ಇಳಿಯುತ್ತದೆ. ಆಗ ಮೊದಲು ಆಗಬೇಕಾದ್ದು ಡ್ರಿಪ್ ನಿಲ್ಲಿಸಿ ತಾಯಿಯನ್ನು ಎಡಮಗ್ಗುಲಿಗೆ ತಿರುಗಿಸುವುದು. ಅಷ್ಟು ನೋಡಲು ಜನವಿಲ್ಲದ ಕಡೆ ಅದು ನೇರ ಆಪರೇಷನ್ ಟೇಬಲ್ಲಿಗೆ ಹೋಗುತ್ತದೆ. ಗರ್ಭಕೋಶದ ಬಾಯಿ 2–3 ಸೆಂ.ಮೀ. ತೆರೆದಿರುವಾಗಲೇ ಮಂಚ ಹತ್ತಿಸಿ, ಅಂಗಾತ ಮಲಗಿಸಿ, ಡ್ರಿಪ್ ಹಾಕಿದ ಬಹಳ ಹೆರಿಗೆಗಳ ದಾರಿ ಇದೇ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ‘ಗಂಟೆಗೆ 1 ಸೆಂ.ಮೀ.’ ನಿಯಮವನ್ನು ಕೈಬಿಟ್ಟು, ನಿಜವಾದ ಹೆರಿಗೆ ನೋವಿನ ಲೆಕ್ಕ 5 ಸೆಂ.ಮೀ.ನಿಂದ ಎಂದಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ಅದಕ್ಕೂ ಮೊದಲು ಅವಸರಪಡಿಸುವ ಕಾರಣವಿಲ್ಲ.

ಸಣ್ಣ ನರ್ಸಿಂಗ್ ಹೋಮಿನ ಕಷ್ಟವೂ ತಿಳಿಯಬೇಕಾದ್ದೇ. ಪ್ರಸೂತಿ ವೈದ್ಯರು ಒಬ್ಬರೇ, ಅರಿವಳಿಕೆಯವರು ಹೊರಗಿನಿಂದ ಬರಬೇಕು, ರಕ್ತನಿಧಿ ಇನ್ನೊಂದು ಉಪನಗರದಲ್ಲಿ. ರಾತ್ರಿ ಎರಡಕ್ಕೆ ಏನಾದರೂ ಕೆಟ್ಟರೆ ಎಂಬ ಭಯಕ್ಕೆ ಸಂಜೆ ಆರಕ್ಕೇ ಕೊಯ್ದುಬಿಡುತ್ತಾರೆ. ಅದನ್ನು ಬರೀ ದುಡ್ಡಿನಾಸೆ ಎನ್ನುವುದು ಅರ್ಧ ಸತ್ಯ. ಇಂಗ್ಲೆಂಡ್ 1902ರಲ್ಲಿ ಸೂಲಗಿತ್ತಿಯರನ್ನು ನೋಂದಾಯಿಸುವ ಕಾನೂನು ಮಾಡಿ ಅವರದೊಂದು ಸ್ವತಂತ್ರ ವೃತ್ತಿಯೆಂದು ಒಪ್ಪಿತು. ಇಲ್ಲಿ 1903ರಲ್ಲಿ ದಾಯಿಗಳ ತರಬೇತಿಗೆ ವಿಕ್ಟೋರಿಯಾ ನಿಧಿ ಬಂತು, ವೃತ್ತಿಯ ಮಾನ್ಯತೆ ಬರಲಿಲ್ಲ. ಮುಂದೆ ಹೆರಿಗೆ ಮಾಡಿಸುವ ವಿದ್ಯೆ ನರ್ಸಿಂಗ್ ಕೋರ್ಸಿನ ಒಂದು ಭಾಗವಾಗಿ ಉಳಿಯಿತು. 2005ರಲ್ಲಿ, ಆಸ್ಪತ್ರೆಯಲ್ಲಿ ಹೆತ್ತವರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಶುರುವಾಗುವ ಹೊತ್ತಿಗೆ ದೇಶದ ಶೇ. 38.7 ಹೆರಿಗೆ ಮಾತ್ರ ಆಸ್ಪತ್ರೆಗಳಲ್ಲಿ, 2019–21ರಲ್ಲಿ ಶೇ. 88.6. ಅಷ್ಟು ಜನ ಬಂದರು, ಅವರ ಪಕ್ಕ ಕೂರುವವರನ್ನು ಯಾರೂ ತಯಾರು ಮಾಡಿರಲಿಲ್ಲ. ಪರಿಣತ ಮಿಡ್‌ವೈಫ್‌ಗಳಿಗೆ 18 ತಿಂಗಳ ತರಬೇತಿ ಕೊಡುವ ಮಾರ್ಗಸೂಚಿ ಕೇಂದ್ರದಿಂದ ಹೊರಟದ್ದು 2018ರಲ್ಲಿ.

‘ಸಹಜ ಹೆರಿಗೆ’ ಎಂಬ ಮಾತು ಬ್ರಿಟನ್ನಿನ ಗ್ರಾಂಟ್ಲಿ ಡಿಕ್-ರೀಡ್ ಅವರಿಂದ 1933ರಲ್ಲಿ ಬಂತು: ಭಯದಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ ಎಂದರು ಅವರು. ಜೊತೆಗೊಬ್ಬರು ಸದಾ ಇದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆಂದು ಮುಂದಿನ ಅಧ್ಯಯನಗಳೂ ತೋರಿಸಿವೆ. ಆದರೆ ಈ ವಿಚಾರ ಬೆಳೆದ ದೇಶಗಳಲ್ಲಿ ಮನೆಗೆ ಬರುವ ಮಿಡ್‌ವೈಫ್ ಚೀಲದಲ್ಲಿ ಆಕ್ಸಿಟೋಸಿನ್ ಇರುತ್ತದೆ, ಕರೆದರೆ ಆಂಬುಲೆನ್ಸ್ ಬರುತ್ತದೆ. ಅವೆರಡೂ ಇಲ್ಲದೆ ಬರೀ ಮೊಂಬತ್ತಿ, ಬಿಸಿನೀರಿನ ತೊಟ್ಟಿಯನ್ನು ತರಿಸಿಕೊಂಡರೆ ಅನಾಹುತ. ಹೆತ್ತ ಮೇಲಿನ ರಕ್ತಸ್ರಾವ ಎರಡು ಗಂಟೆಯೊಳಗೆ ಜೀವ ತೆಗೆಯಬಲ್ಲದು, ಮಳೆಗಾಲದ ಕುರ್ಲಾದಲ್ಲಿ ಎರಡು ಗಂಟೆ ಎಂದರೆ ಏನೆಂದು ಹೇಳಬೇಕೆ? ಮಗು ಹೊರಬಿದ್ದ ಒಂದು ನಿಮಿಷದೊಳಗೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕು. ಹೊಕ್ಕುಳಬಳ್ಳಿಯನ್ನು 1ರಿಂದ 3 ನಿಮಿಷ ಬಿಟ್ಟು ಕತ್ತರಿಸಬೇಕು. ಮಾಸು ತುಂಡಾಗದೆ ಪೂರ್ತಿ ಬಂತೇ, ಹೊಕ್ಕುಳ ಮಟ್ಟದಲ್ಲಿ ಗರ್ಭಕೋಶ ಗಟ್ಟಿಯಾಯಿತೇ ಎಂದು ಕೈಯಿಂದಲೇ ನೋಡಬೇಕು. ಆಕ್ಸಿಟೋಸಿನ್ 2–8 ಡಿಗ್ರಿ ತಂಪಿನಲ್ಲಿಲ್ಲದಿದ್ದರೆ ಸತ್ವ ಕಳೆದುಕೊಂಡಿರುತ್ತದೆ.

ಚೊಚ್ಚಲಿಗೆ ತವರಿಗೆ ಹೋಗುವ ನಮ್ಮವರಿಗೆ ಇನ್ನೊಂದು ಗಂಡಾಂತರವಿದೆ. ಮೊದಲ ಹೆರಿಗೆ ಉಡುಪಿಯಲ್ಲೋ ವಿಜಯಪುರದಲ್ಲೋ, ಎರಡನೆಯದು ಮುಂಬಯಿಯಲ್ಲಿ, ನಡುವೆ ಕಾಗದ ಕಳೆದಿರುತ್ತದೆ. ಮೊದಲ ಸಲ ಸಿಸೇರಿಯನ್ ಆಗಿದ್ದರೂ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ, ಎರಡನೆಯದನ್ನು ಸಹಜವಾಗಿ ಹೆರಲು ಪ್ರಯತ್ನಿಸಬಹುದು. ಹಳೇ ಹೊಲಿಗೆ ಬಿಚ್ಚುವ ಅಪಾಯ ಸುಮಾರು 200ಕ್ಕೆ 1. ಮೇಲ್ಭಾಗದಲ್ಲಿ ಉದ್ದುದ್ದ ಕೊಯ್ದಿದ್ದರೆ ಅಪಾಯ ಅದರ ಹತ್ತು ಪಟ್ಟಿನಷ್ಟು, ಪ್ರಯತ್ನವೇ ಬೇಡ. ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿ ಒಳಗಿನ ಕೊಯ್ತ ಯಾವುದೆಂದು ಹೇಳಲಾಗದು. ಅದು ಬರೆದಿರುವುದು ಡಿಸ್ಚಾರ್ಜ್ ಕಾರ್ಡಿನ ಆಪರೇಷನ್ ವಿವರದ ಒಂದು ಸಾಲಿನಲ್ಲಿ. ಆ ಕಾಗದ ಇಲ್ಲವೆಂದರೆ ಹೊಸ ವೈದ್ಯರು ಮತ್ತೆ ಕೊಯ್ಯುವ ಸಾಧ್ಯತೆಯೇ ಹೆಚ್ಚು.