ಡಿಸೆಂಬರ್‌ನಲ್ಲಿ ಹುಟ್ಟಿದ ಹಾಕಿ ಹುಡುಗ

2023ರ ಜೂನ್ 28ರಂದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಎನ್‌ಎಚ್‌ಎಲ್ ಡ್ರಾಫ್ಟ್ ನಡೆಯಿತು. ಜಗತ್ತಿನ ಅತಿ ದೊಡ್ಡ ಐಸ್ ಹಾಕಿ ಲೀಗಿನ ತಂಡಗಳು ಹದಿನೆಂಟರ ಆಸುಪಾಸಿನ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳುವ ದಿನ ಅದು. ರಷ್ಯಾದ ಪೆರ್ಮ್ ಊರಿನ ಮಟ್ವೇ ಮಿಚ್ಕೊವ್ ಕೂಡ ಆ ಪಟ್ಟಿಯಲ್ಲಿದ್ದ. ಎರಡು ವರ್ಷ ಹಿಂದೆ, ಹದಿನಾರನೇ ವಯಸ್ಸಿನಲ್ಲೇ, ಅವನು ಟೆಕ್ಸಸ್‌ನಲ್ಲಿ ನಡೆದ 18ರೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 7 ಪಂದ್ಯಗಳಿಗೆ 12 ಗೋಲು ಹೊಡೆದಿದ್ದ. ಟೂರ್ನಿಯ ಶ್ರೇಷ್ಠ ಆಟಗಾರ ಅಂತ ಹೆಸರು ಪಡೆದಿದ್ದ. ಆದರೂ ಡ್ರಾಫ್ಟ್ ದಿನ ಆರು ತಂಡಗಳು ಅವನನ್ನು ಬಿಟ್ಟು ಬೇರೆಯವರನ್ನು ಆರಿಸಿಕೊಂಡವು. ಏಳನೇ ಸರದಿಯಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್ ಅವನ ಹೆಸರು ಕೂಗಿತು.

ಆಟಗಾರನ ಭವಿಷ್ಯ ಹೇಳೋದು ಅಂದ ತಕ್ಷಣ ನಮ್ಮಲ್ಲಿ ಜಾತಕದ ಮಾತು ಬರುತ್ತದೆ. ದೊಡ್ಡ ಪಂದ್ಯಕ್ಕೆ ಮುಂಚೆ ಟಿವಿ ಚಾನೆಲ್‌ಗಳಲ್ಲಿ ಜ್ಯೋತಿಷಿಗಳನ್ನು ಕೂರಿಸಿ ಗ್ರಹಬಲ ಕೇಳುತ್ತಾರೆ. ನನಗೆ ಇದು ಬಹಳ ಸಿಟ್ಟು ತರಿಸುತ್ತದೆ. ಯಾಕೆಂದರೆ ಹುಟ್ಟಿದ ತಾರೀಖಿಗೂ ಆಟಗಾರನ ಭವಿಷ್ಯಕ್ಕೂ ನಿಜಕ್ಕೂ ಒಂದು ಸಂಬಂಧ ಇದೆ. ಅದನ್ನು ಎಣಿಸಬಹುದು, ಪರೀಕ್ಷೆ ಮಾಡಬಹುದು. ಅದನ್ನು ಸೃಷ್ಟಿ ಮಾಡಿದ್ದು ಜನವರಿ 1ಕ್ಕೆ ಒಂದು ಗೆರೆ ಎಳೆದ ಮನುಷ್ಯರು. ಆ ಗೆರೆ ಅರ್ಥವಾಗದೆ ಮಿಚ್ಕೊವ್‌ನಂಥ ಹುಡುಗನನ್ನು ತೂಗಲು ಹೋದರೆ ಲೆಕ್ಕ ತಪ್ಪುತ್ತದೆ.

ವಿಷಯ ಹೊರಬಂದದ್ದು 1980ರ ದಶಕದ ಕೆನಡಾದಲ್ಲಿ. ರೋಜರ್ ಬಾರ್ನ್‌ಸ್ಲಿ ಅನ್ನುವ ಮನಶ್ಶಾಸ್ತ್ರಜ್ಞರು ಮನೆಯವರ ಜೊತೆ ಲೆತ್‌ಬ್ರಿಜ್ ಊರಿನಲ್ಲಿ ಒಂದು ಜೂನಿಯರ್ ಹಾಕಿ ಪಂದ್ಯಕ್ಕೆ ಹೋಗಿದ್ದರು. ಅವರ ಪತ್ನಿ ಪೌಲಾ ಪಂದ್ಯದ ಪುಸ್ತಿಕೆ ತಿರುವಿಹಾಕುತ್ತಾ ಆಟಗಾರರ ಹುಟ್ಟಿದ ದಿನಗಳನ್ನು ನೋಡಿದರು. ಜನವರಿ, ಫೆಬ್ರವರಿ, ಮಾರ್ಚ್. ಬರೀ ಅವೇ ತಿಂಗಳುಗಳು! ಮನೆಗೆ ಬಂದು ಬೇರೆ ತಂಡಗಳ ಪಟ್ಟಿ ತೆಗೆದು ನೋಡಿದರೆ ಅಲ್ಲೂ ಅದೇ ಕಥೆ. 1985ರಲ್ಲಿ ಬಾರ್ನ್‌ಸ್ಲಿ ಮತ್ತು ಸಂಗಡಿಗರು ಇದನ್ನು ಪ್ರಬಂಧವಾಗಿ ಪ್ರಕಟಿಸಿದರು.

ಕಾರಣ ತುಂಬಾ ಸರಳ. ಮಕ್ಕಳ ಹಾಕಿಯಲ್ಲಿ ಹುಟ್ಟಿದ ವರ್ಷದ ಮೇಲೆ ಗುಂಪು ಮಾಡುತ್ತಾರೆ. ಜನವರಿ 2ಕ್ಕೆ ಹುಟ್ಟಿದವನೂ ಡಿಸೆಂಬರ್ 30ಕ್ಕೆ ಹುಟ್ಟಿದವನೂ ಒಂದೇ ಗುಂಪು. ಏಳು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಇಡೀ ಆಯುಸ್ಸಿನ ಏಳನೇ ಒಂದು ಪಾಲು. ಒಂದನೇ ಕ್ಲಾಸಿನಲ್ಲಿ ದೊಡ್ಡ ಮಕ್ಕಳು ಬೇಗ ಓದಿ ಬರೆದು ಟೀಚರ್ ಹತ್ತಿರ ಶಭಾಷ್ ಅನ್ನಿಸಿಕೊಳ್ಳುತ್ತಾರಲ್ಲ, ಅದೇ ತರ. ಹಾಕಿಯಲ್ಲಿ ಆ ಶಭಾಷ್‌ಗೆ ಬೆಲೆ ಇನ್ನೂ ಜಾಸ್ತಿ. ಎತ್ತರ ಇದ್ದವನನ್ನು ಒಳ್ಳೆಯ ತಂಡಕ್ಕೆ ಆರಿಸುತ್ತಾರೆ. ಅಲ್ಲಿ ಅವನಿಗೆ ಒಳ್ಳೆಯ ಕೋಚ್ ಸಿಗುತ್ತಾರೆ, ಹೆಚ್ಚು ಪಂದ್ಯ ಸಿಗುತ್ತವೆ, ಐಸ್ ಮೇಲೆ ಹೆಚ್ಚು ಸಮಯ ಸಿಗುತ್ತದೆ. ಮರುವರ್ಷ ಅವನು ನಿಜಕ್ಕೂ ಚೆನ್ನಾಗಿ ಆಡುತ್ತಾನೆ. ಮೊದಲಿದ್ದ ಹನ್ನೊಂದು ತಿಂಗಳ ವ್ಯತ್ಯಾಸ ಹೀಗೆ ತರಬೇತಿಯ ವ್ಯತ್ಯಾಸವಾಗಿ ಬದಲಾಗುತ್ತದೆ. ಹದಿನೇಳನೇ ವಯಸ್ಸಿಗೆ ಬರುವಷ್ಟರಲ್ಲಿ ಡಿಸೆಂಬರ್ ಮಕ್ಕಳಲ್ಲಿ ಬಹಳ ಜನ ಆಟ ಬಿಟ್ಟಿರುತ್ತಾರೆ. ನೋಡುವವರು ಮಾತ್ರ ಉಳಿದವರನ್ನು ತೋರಿಸಿ "ಹುಟ್ಟು ಪ್ರತಿಭೆ" ಅನ್ನುತ್ತಾರೆ.

ಇನ್ನೂ ಮುಖ್ಯವಾದ ಸಂಗತಿ 2013ರಲ್ಲಿ ಬಂತು. ರಾಬರ್ಟ್ ಡೀನರ್ ಮತ್ತು ಸಂಗಡಿಗರು 1980ರಿಂದ 2006ರವರೆಗೆ ಡ್ರಾಫ್ಟ್ ಆದ ಕೆನಡಾದ ಆಟಗಾರರ ಲೆಕ್ಕ ತೆಗೆದರು. ಆಯ್ಕೆಯಾದವರಲ್ಲಿ ಜುಲೈಯಿಂದ ಡಿಸೆಂಬರ್‌ವರೆಗೆ ಹುಟ್ಟಿದವರು ಬರೀ 34 ಶೇಕಡಾ. ಆದರೆ ಎಲ್ಲರೂ ಸೇರಿ ಎನ್‌ಎಚ್‌ಎಲ್‌ನಲ್ಲಿ ಆಡಿದ ಪಂದ್ಯಗಳಲ್ಲಿ ಇವರ ಪಾಲು 42 ಶೇಕಡಾ, ಗಳಿಸಿದ ಪಾಯಿಂಟ್‌ಗಳಲ್ಲಿ (ಗೋಲು ಹೊಡೆದರೂ ಒಂದು, ಗೋಲಿಗೆ ಪಾಸ್ ಕೊಟ್ಟರೂ ಒಂದು) 44 ಶೇಕಡಾ. ಅಂದರೆ ಸಣ್ಣವರನ್ನು ತಂಡಗಳು ಅಗ್ಗಕ್ಕೆ ಅಳೆದಿದ್ದವು. ಇಪ್ಪತ್ತೇಳು ವರ್ಷ, ಕೋಟಿಗಟ್ಟಲೆ ಡಾಲರ್ ಸಂಬಳ ಕೊಡುವ ವೃತ್ತಿಪರರು, ಒಂದೇ ಕಡೆಗೆ ತಪ್ಪು ಮಾಡುತ್ತಾ ಹೋದರು!

ಮಿಚ್ಕೊವ್ ಹುಟ್ಟಿದ್ದು 2004ರ ಡಿಸೆಂಬರ್ 9ಕ್ಕೆ. ರಷ್ಯಾದ ಹಾಕಿ ಶಾಲೆಗಳಲ್ಲೂ ಹುಟ್ಟಿದ ವರ್ಷದ ಗುಂಪೇ. ಪೆರ್ಮ್, ಆಮೇಲೆ ಯಾರೊಸ್ಲಾವ್ಲ್, ಆಮೇಲೆ ಸೇಂಟ್ ಪೀಟರ್ಸ್‌ಬರ್ಗ್. ಹೋದ ಕಡೆಯೆಲ್ಲ ಅವನು 2004ರ ಗುಂಪಿನ ಅತಿ ಚಿಕ್ಕವರಲ್ಲಿ ಒಬ್ಬ. ಬೆಳೆದ ಮೇಲೂ ಎತ್ತರ ಸುಮಾರು 178 ಸೆಂಟಿಮೀಟರ್. ಎನ್‌ಎಚ್‌ಎಲ್ ಮಟ್ಟಿಗೆ ಇದು ಕಡಿಮೆಯೇ. ಇಂಥ ಹುಡುಗ ಆ ಗೆರೆಯ ತಪ್ಪು ಬದಿಯಲ್ಲಿ ನಿಂತೂ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಅಂದರೆ, ಅದು ಮೈ ಬಲದಿಂದ ಬಂದದ್ದಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಡ್ರಾಫ್ಟ್ ವಿಷಯಕ್ಕೆ ಬಂದರೆ ಅದೇ ತಾರೀಖು ತಿರುಗಿ ಬೀಳುತ್ತದೆ. ಡ್ರಾಫ್ಟ್‌ನ ಗೆರೆ ಸೆಪ್ಟೆಂಬರ್ 15. ಆ ದಿನದೊಳಗೆ ಹದಿನೆಂಟು ತುಂಬಿರಬೇಕು. ಮಿಚ್ಕೊವ್ 2022ರಲ್ಲಿ ಆ ಗೆರೆಗೆ ಮೂರು ತಿಂಗಳು ತಡವಾದ, ಹಾಗಾಗಿ 2023ಕ್ಕೆ ಬಂದ. ಆ ಗುಂಪಿನಲ್ಲಿ ಅವನು ದೊಡ್ಡವರ ಸಾಲು. ಮೊದಲನೆಯದಾಗಿ ಆಯ್ಕೆಯಾದ ಕಾನರ್ ಬೆಡಾರ್ಡ್ ಹುಟ್ಟಿದ್ದು 2005ರ ಜುಲೈ 17ಕ್ಕೆ, ಅಂದರೆ ಏಳು ತಿಂಗಳು ಚಿಕ್ಕವನು. ಒಬ್ಬನೇ ಹುಡುಗ, ಒಂದೇ ಹುಟ್ಟುಹಬ್ಬ, ಒಂದು ಕಡೆ ಕಿರಿಯ, ಇನ್ನೊಂದು ಕಡೆ ಹಿರಿಯ. ಯಾವ ಗ್ರಹ ಇದನ್ನು ವಿವರಿಸುತ್ತದೆ?

ಇನ್ನು ಅಂಕಿಗಳು. ಡ್ರಾಫ್ಟ್ ಆದ ಋತುವಿನಲ್ಲಿ ಬೆಡಾರ್ಡ್ ಕೆನಡಾದ ಜೂನಿಯರ್ ಲೀಗಿನಲ್ಲಿ 57 ಪಂದ್ಯಗಳಿಗೆ 143 ಪಾಯಿಂಟ್ ಗಳಿಸಿದ. ಮಿಚ್ಕೊವ್ ಸೋಚಿ ತಂಡಕ್ಕೆ 27 ಪಂದ್ಯಗಳಲ್ಲಿ 20. ಪಂದ್ಯಕ್ಕೆ ಇಷ್ಟು ಅಂತ ಲೆಕ್ಕ ಹಾಕಿದರೆ ಮೂರು ಪಟ್ಟಿಗಿಂತ ಜಾಸ್ತಿ ಅಂತರ. ಸುಮ್ನೆ ಪಟ್ಟಿ ನೋಡುವವರು ಇಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಬೆಡಾರ್ಡ್ ಆಡಿದ್ದು ಹದಿಹರೆಯದವರ ಎದುರು. ಮಿಚ್ಕೊವ್ ಆಡಿದ್ದು ರಷ್ಯಾದ ದೊಡ್ಡ ಲೀಗ್ ಆದ ಕೆಎಚ್‌ಎಲ್‌ನಲ್ಲಿ, ಮೂವತ್ತು ವರ್ಷದ ಗಂಡಸರ ಎದುರು, ಅದೂ ದುರ್ಬಲ ತಂಡದಲ್ಲಿ.

ಲೀಗುಗಳ ನಡುವಿನ ಈ ವ್ಯತ್ಯಾಸ ಅಳೆಯಲು ಗೇಬ್ರಿಯಲ್ ಡೆಸ್ಜಾರ್ಡಿನ್ಸ್ ಒಂದು ದಾರಿ ತೋರಿಸಿದರು. ಒಂದು ಲೀಗಿನಿಂದ ಎನ್‌ಎಚ್‌ಎಲ್‌ಗೆ ಹೋದ ಆಟಗಾರರನ್ನೆಲ್ಲ ಒಟ್ಟು ಮಾಡಿ. ಹಳೇ ಲೀಗಿನಲ್ಲಿ ಪಂದ್ಯಕ್ಕೆ ಎಷ್ಟು ಪಾಯಿಂಟ್, ಹೊಸದರಲ್ಲಿ ಎಷ್ಟು ಅಂತ ಭಾಗಿಸಿ. ಸಿಕ್ಕಿದ್ದೇ ಆ ಲೀಗಿನ ಗುಣಾಂಕ. ಲೆಕ್ಕ ಹಾಕುವವರನ್ನು ಅವಲಂಬಿಸಿ ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತದೆ. ಕೆಎಚ್‌ಎಲ್‌ಗೆ ಮುಕ್ಕಾಲು, ಅಂದರೆ 0.75, ಕೆನಡಾದ ಜೂನಿಯರ್ ಲೀಗಿಗೆ 0.3 ಅಂತ ಇಟ್ಟುಕೊಳ್ಳೋಣ. ಆಗ ಬೆಡಾರ್ಡ್‌ಗೆ ಪಂದ್ಯಕ್ಕೆ 0.75 ಬರುತ್ತದೆ, ಮಿಚ್ಕೊವ್‌ಗೆ 0.56. ಬೆಡಾರ್ಡ್ ಈಗಲೂ ಮುಂದೆಯೇ ಇದ್ದಾನೆ, ಸಂಶಯ ಬೇಡ. ಆದರೆ ಮೂರು ಪಟ್ಟು ಅಂತರ ಕರಗಿ ಒಂದೂ ಕಾಲು, ಒಂದೂವರೆ ಪಟ್ಟಿನ ನಡುವೆ ಬಂತು.

ಮಿಚ್ಕೊವ್ ಇನ್ನೊಂದು ವರ್ಷ ಸೋಚಿಯಲ್ಲಿ ಆಡಿ 47 ಪಂದ್ಯಗಳಿಗೆ 41 ಪಾಯಿಂಟ್ ಮಾಡಿದ. ಅದನ್ನು ಮುಕ್ಕಾಲು ಮಾಡಿ 80 ಪಂದ್ಯಕ್ಕೆ ಹಿಗ್ಗಿಸಿದರೆ ಬರುವುದು 52. 2024-25ರಲ್ಲಿ ಫ್ಲೈಯರ್ಸ್ ಪರ ಮೊದಲ ಋತುವಿನ 80 ಪಂದ್ಯಗಳಲ್ಲಿ ಅವನು ಗಳಿಸಿದ್ದು 63. ಅದರಲ್ಲಿ 26 ಗೋಲು, ಆ ವರ್ಷದ ಹೊಸಬರಲ್ಲೇ ಅತಿ ಹೆಚ್ಚು. ಗುಣಾಂಕ ಯಾಕೆ ಕಡಿಮೆ ಹೇಳಿತು? ಅದಕ್ಕೆ ವಯಸ್ಸು ಗೊತ್ತಿಲ್ಲ. ಇಪ್ಪತ್ತೆಂಟರ ಆಟಗಾರ ಒಂದು ವರ್ಷದಲ್ಲಿ ಹೆಚ್ಚು ಬದಲಾಗಲ್ಲ, ಹತ್ತೊಂಬತ್ತರವನು ಬದಲಾಗುತ್ತಾನೆ. ಇನ್ನೊಂದು ತೊಡಕೂ ಇದೆ. ಲೀಗ್ ಬದಲಾಯಿಸಿದವರಷ್ಟೇ ಈ ಲೆಕ್ಕದಲ್ಲಿ ಇರುತ್ತಾರೆ. ಯಾರೂ ಕರೆಯದೆ ಊರಲ್ಲೇ ಉಳಿದವರು ಇರಲ್ಲ. ಹಾಗಾಗಿ ಗುಣಾಂಕವನ್ನು ಒಂದು ಶುರು ಅಂತ ನೋಡಬೇಕು, ಕಡೆಯ ಮಾತು ಅಂತಲ್ಲ. ಟೆಕ್ಸಸ್‌ನ ಆ 7 ಪಂದ್ಯಗಳ 12 ಗೋಲನ್ನಂತೂ ಹಿಗ್ಗಿಸಲೇಬಾರದು. ಏಳು ಪಂದ್ಯದಲ್ಲಿ ಅದೃಷ್ಟಕ್ಕೆ ಬಹಳ ಜಾಗ ಇರುತ್ತದೆ.

ಹಾಗಾದರೆ ಮೈ ಬಲ ಇಲ್ಲದವನು ಹೇಗೆ ಗೋಲು ಹೊಡೆಯುತ್ತಾನೆ? ನನಗೆ ಅತ್ಯಂತ ಖುಷಿ ಕೊಡುವ ಭಾಗ ಇದು. ಪಕ್ ಅಂದರೆ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ. ಎಂಟು ಮೀಟರ್ ದೂರದಿಂದ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊಡೆದರೆ ಅದು 0.27 ಸೆಕೆಂಡಿನಲ್ಲಿ ಗೋಲು ಮುಟ್ಟುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಅಲ್ಲಾಡಲು ಶುರುವಾಗುವುದಕ್ಕೇ ಮನುಷ್ಯನಿಗೆ 0.2 ಸೆಕೆಂಡ್ ಬೇಕು. ಉಳಿದ 0.07 ಸೆಕೆಂಡಿನಲ್ಲಿ ಗೋಲ್‌ಕೀಪರ್ 1.83 ಮೀಟರ್ ಅಗಲ, 1.22 ಮೀಟರ್ ಎತ್ತರದ ಬಾಯಿಯನ್ನು ಮುಚ್ಚಬೇಕು. ಆಗದ ಮಾತು. ಆದ್ದರಿಂದ ಅವನು ಪಕ್ ಹೊರಡುವ ಮೊದಲೇ ಊಹೆ ಮಾಡುತ್ತಾನೆ. ಹೊಡೆಯುವವನ ಭುಜ, ಸೊಂಟ, ಸ್ಟಿಕ್‌ನ ಕೋನ ಇವೇ ಅವನಿಗೆ ಸುಳಿವು.

ಮಿಚ್ಕೊವ್‌ನ ಹೊಡೆತದಲ್ಲಿ ಹೆದರಿಸುವಂಥ ವೇಗ ಇಲ್ಲ. ಸ್ಕೇಟಿಂಗ್‌ನಲ್ಲೂ ಅವನಿಗಿಂತ ಚುರುಕಾದವರು ಬೇಕಾದಷ್ಟು ಜನ ಇದ್ದಾರೆ. ಅವನು ಕೆಡಿಸುವುದು ಆ ಸುಳಿವುಗಳನ್ನು. ಪಾಸ್ ಕೊಡುವವನ ಹಾಗೆ ಮೈ ತಿರುಗಿಸಿ ಗೋಲಿಗೆ ಹೊಡೆಯುತ್ತಾನೆ. ಪಕ್ಕನ್ನು ಕೊನೆ ಗಳಿಗೆಯಲ್ಲಿ ಒಂದು ಗೇಣು ಒಳಗೆ ಎಳೆದುಕೊಂಡು ಕೋನ ಬದಲಿಸುತ್ತಾನೆ. ಗೋಲ್‌ಕೀಪರ್ ತಪ್ಪು ಕಡೆಗೆ ಭಾರ ಹಾಕಿದ ಮೇಲೆ ನಿಧಾನದ ಹೊಡೆತವೂ ಸಾಕು. ಗೋಲಿನ ಹಿಂದೆ ನಿಂತು ಪಕ್ಕನ್ನು ಸ್ಟಿಕ್‌ನ ಅಲಗಿನ ಮೇಲೆ ಎತ್ತಿಕೊಂಡು ಮೇಲಿನ ಮೂಲೆಗೆ ತುರುಕುವ ಆಟವೂ ಅವನಿಗೆ ಚೆನ್ನಾಗಿ ಬರುತ್ತದೆ. 1996ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಮೈಕ್ ಲೆಗ್ ಇದನ್ನು ಮಾಡಿ ಹೆಸರಾದರು. ಎನ್‌ಎಚ್‌ಎಲ್‌ನಲ್ಲಿ ಮೊದಲು ಮಾಡಿದ್ದು ರಷ್ಯಾದ ಆಂಡ್ರೇ ಸ್ವೆಚ್ನಿಕೊವ್, 2019ರಲ್ಲಿ. ಚಿಕ್ಕವನಾಗಿದ್ದಾಗ ದೊಡ್ಡವರನ್ನು ತಳ್ಳಿ ಗೆಲ್ಲಲಾಗದ ಹುಡುಗ ಹೀಗೆ ವಂಚಿಸುವ ಆಟ ಕಲಿಯುತ್ತಾನೆ ಅಂತ ನನ್ನ ನಂಬಿಕೆ. ಡೀನರ್ ಅವರ ಅಂಕಿಗಳ ಹಿಂದೆಯೂ ಇದೇ ಇರಬೇಕು.

ಆರು ತಂಡಗಳು ಹಿಂಜರಿದದ್ದಕ್ಕೆ ಇನ್ನೊಂದು ಕಾರಣ ಇತ್ತು, ಅದನ್ನು ಮರೆಯಬಾರದು. ಪೀಟರ್ಸ್‌ಬರ್ಗಿನ ಎಸ್‌ಕೆಎ ಕ್ಲಬ್ ಜೊತೆ ಮಿಚ್ಕೊವ್‌ನ ಒಪ್ಪಂದ 2026ರವರೆಗೆ ಇತ್ತು. ಉಕ್ರೇನ್ ಯುದ್ಧದ ನಂತರ ರಷ್ಯಾವನ್ನು ಅಂತರರಾಷ್ಟ್ರೀಯ ಟೂರ್ನಿಗಳಿಂದ ಹೊರಗಿಟ್ಟಿದ್ದರಿಂದ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳಿಗೆ ಅವನನ್ನು ಎದುರಿಗೆ ಕೂತು ನೋಡುವ ಅವಕಾಶವೂ ಕಡಿಮೆಯಾಯಿತು. ಇದೇ ಫ್ಲೈಯರ್ಸ್ ಸೇರಬೇಕಿದ್ದ ಗೋಲ್‌ಕೀಪರ್ ಇವಾನ್ ಫೆಡೊಟೊವ್ ಅವರನ್ನು 2022ರ ಜುಲೈನಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹಿಡಿದು ಸೈನ್ಯದ ಸೇವೆಗೆ ಕಳಿಸಿದ್ದರು. ಈ ಭಯ ಹಳೆಯದು. ಸೋವಿಯತ್ ಆಟಗಾರನೊಬ್ಬನನ್ನು ಮೊಟ್ಟಮೊದಲು ಡ್ರಾಫ್ಟ್ ಮಾಡಿದ್ದೂ ಫ್ಲೈಯರ್ಸೇ. 1975ರಲ್ಲಿ, ರಿಗಾದ ವಿಕ್ಟರ್ ಖಾತುಲೆವ್. ಅವರು ಅಮೆರಿಕಕ್ಕೆ ಬರಲೇ ಇಲ್ಲ. 1989ರಲ್ಲಿ ಅಲೆಕ್ಸಾಂಡರ್ ಮೊಗಿಲ್ನಿ ಸ್ಟಾಕ್‌ಹೋಮ್‌ನಲ್ಲಿ ತಂಡ ಬಿಟ್ಟು ಓಡಿ ಬಂದರು. ರಷ್ಯಾದವರೇ ಆದ ದಟ್ಸ್ಯುಕ್ 1998ರಲ್ಲಿ 171ನೆಯವರಾಗಿ, ಕಪ್ರಿಜೊವ್ 2015ರಲ್ಲಿ 135ನೆಯವರಾಗಿ ಆಯ್ಕೆಯಾದರು. ಇಬ್ಬರೂ ಎನ್‌ಎಚ್‌ಎಲ್‌ನ ದೊಡ್ಡ ತಾರೆಗಳಾದರು. "ಬರುತ್ತಾನಾ?" ಅನ್ನುವ ಪ್ರಶ್ನೆಯನ್ನೂ "ಆಡುತ್ತಾನಾ?" ಅನ್ನುವ ಪ್ರಶ್ನೆಯನ್ನೂ ಒಂದೇ ಬುಟ್ಟಿಗೆ ಹಾಕಿದರೆ ಇಂಥ ಆಟಗಾರರು ಕೈತಪ್ಪುತ್ತಾರೆ. ಮಿಚ್ಕೊವ್ ವಿಷಯದಲ್ಲಿ ಎಸ್‌ಕೆಎ 2024ರಲ್ಲೇ, ಎರಡು ವರ್ಷ ಮೊದಲೇ, ಅವನನ್ನು ಬಿಟ್ಟುಕೊಟ್ಟಿತು.

ಅವನಲ್ಲಿ ಕೊರತೆ ಇಲ್ಲ ಅಂತಲ್ಲ. ಮೊದಲ ಋತುವಿನಲ್ಲೇ ಕೋಚ್ ಜಾನ್ ಟಾರ್ಟೊರೆಲಾ ಅವನನ್ನು ಕೆಲವು ಪಂದ್ಯಕ್ಕೆ ಹೊರಗೆ ಕೂರಿಸಿದ್ದರು. ಪಕ್ ಎದುರಾಳಿಯ ಕೈಗೆ ಹೋದಾಗ ಹಿಂದಕ್ಕೆ ಓಡಿ ಬರುವುದು, ತನ್ನ ಗೋಲಿನ ಮುಂದೆ ಸರಿಯಾದ ಜಾಗದಲ್ಲಿ ನಿಲ್ಲುವುದು ಅವನು ಇನ್ನೂ ಕಲಿಯಬೇಕಾದ ಪಾಠಗಳು. ಅಲ್ಲದೆ ಅವನು ದೊಡ್ಡ ದೇಹದವರ ನಡುವೆ 80ಕ್ಕೂ ಹೆಚ್ಚು ಪಂದ್ಯಗಳ ಋತುವನ್ನು ವರ್ಷ ವರ್ಷ ತಾಳಿಕೊಳ್ಳಬೇಕು.

ಮುಂದಿನ ದಾರಿಗೆ ಬ್ರಾಂಡರ್, ಈಗನ್, ಯೂಂಗ್ ಎಂಬ ಅರ್ಥಶಾಸ್ತ್ರಜ್ಞರ 2014ರ ಅಧ್ಯಯನ ನೆರವಿಗೆ ಬರುತ್ತದೆ. ಎನ್‌ಎಚ್‌ಎಲ್ ಫಾರ್ವರ್ಡ್‌ಗಳ ಆಟ 27, 28ರ ನಡುವೆ ತುದಿ ಮುಟ್ಟುತ್ತದೆ, 24ರಿಂದ 32ರವರೆಗೆ ತುದಿಯ ಹತ್ತಿರವೇ ಇರುತ್ತದೆ ಅಂತ ಅವರ ಲೆಕ್ಕ. ಮಿಚ್ಕೊವ್‌ಗೆ 24 ತುಂಬುವುದು 2028ರ ಡಿಸೆಂಬರ್‌ನಲ್ಲಿ. ಅವನ ಮೊದಲ ಒಪ್ಪಂದ 2027ರಲ್ಲೇ ಮುಗಿಯುತ್ತದೆ. ಅಂದರೆ ಅವನ ತುದಿಯನ್ನು ನೋಡುವ ಮೊದಲೇ ಫ್ಲೈಯರ್ಸ್ ದೊಡ್ಡ ಮೊತ್ತಕ್ಕೆ ಸಹಿ ಹಾಕಬೇಕು. ನನ್ನನ್ನು ಕೇಳಿದರೆ ಅಲ್ಲಿಯವರೆಗೆ ನೋಡಬೇಕಾದ ಅಂಕಿ ಒಟ್ಟು ಪಾಯಿಂಟ್ ಅಲ್ಲ. ಎದುರಾಳಿಯ ಒಬ್ಬ ಆಟಗಾರ ಶಿಕ್ಷೆಗೆ ಹೊರಗೆ ಕೂತಾಗ ಬರುವ ಸುಲಭದ ಗೋಲುಗಳನ್ನು ಪಕ್ಕಕ್ಕಿಟ್ಟು, ಐದು ಜನಕ್ಕೆ ಐದು ಜನ ಇರುವಾಗ ಅವನು ಐಸ್ ಮೇಲಿದ್ದ ಹೊತ್ತಿನಲ್ಲಿ ಎರಡೂ ಕಡೆ ಎಷ್ಟೆಷ್ಟು ಒಳ್ಳೆಯ ಅವಕಾಶ ಹುಟ್ಟಿದವು ಅಂತ ಎಣಿಸಬೇಕು.